ಹಿಮದ ಮ್ಯಾಲಿನ ಗಾಡಿ: ತಿರುವಿನ ಆಚೆ ಯಾರೋ ಬರಾಕತ್ತಾರ ಅಂತನ ತಿಳ್ಕೋರಿ

ಡಿಸೆಂಬರ್ ಹತ್ರ ಬಂತಂದ್ರ ನಮ್ಮ ಭಾಗದ ಮಂದಿ ಗುಲ್ಮಾರ್ಗ್, ಸೋಲಂಗ್ ಅಂತ ಟೂರ್ ಬುಕ್ ಮಾಡಾಕ ಶುರು ಮಾಡತಾರ, ಇನ್ನ ಅಮೆರಿಕಾ ಕೆನಡಾದಾಗ ಮಕ್ಕಳಿರೋ ಮನಿಯವ್ರ ಪತ್ರ ಬ್ಯಾರೆ. ಈ ಸಲ ಸ್ನೋಮೊಬೈಲ್, ಅಂದ್ರ ಮುಂದ ಜಾರೋ ಸ್ಕೀ ಪಟ್ಟಿ, ಹಿಂದ ಓಡೋ ಟ್ರ್ಯಾಕ್ ಇರೋ ಹಿಮದ ಗಾಡಿ, ಅದರ ಬಗ್ಗೆನ ಭಾಳ ಪ್ರಶ್ನೆ ಬಂದಾವು. ನಾ ಅಮೆರಿಕಾದ ಮಿನ್ನೆಸೋಟಾದಾಗ ಕೆಲಸಕ್ಕಿದ್ದಾಗ ಕಲ್ತ ಗಾಡಿ ಇದು, ಇದರ ಮ್ಯಾಲ ನನಗ ಪ್ರೀತಿನೂ ಐತಿ ಅಂಜಿಕಿನೂ ಐತಿ, ಎರಡೂ ಸೇರಿಸೇ ಉತ್ತರ ಬರದೇನಿ.

ಪ್ರಶ್ನೆ: ಸರ್, ನಾವು ಗೆಳ್ಯಾರು ಜನವರಿಯೊಳಗ ಗುಲ್ಮಾರ್ಗ್‌ಗೆ ಹೊಂಟೀವಿ. ಎಲ್ಲಾರೂ ಬುಲೆಟ್, ಪಲ್ಸರ್ ಹೊಡಿಯೋರ, ಮಳಿಗಾಲದಾಗ ಚೋರ್ಲಾ ಘಾಟ್ ಇಳದವ್ರು. ನಮಗ ಸ್ನೋಮೊಬೈಲ್ ಕಷ್ಟ ಆಗಂಗಿಲ್ಲ ಅಲ್ರಿ?
– ಟಿಳಕವಾಡಿ, ಬೆಳಗಾವಿ

ಉತ್ತರ: ಗಾಡಿ ಓಡಸೋದು ಸರಳ ಐತ್ರಿ, ಗೇರ್ ಇಲ್ಲ ಕ್ಲಚ್ ಇಲ್ಲ, ಒಳಗ ಬೆಲ್ಟ್ ಐತಿ, ಅದ ಎಲ್ಲಾ ನೋಡ್ಕೋತೈತಿ. ತೊಂದ್ರಿ ಇರೋದು ನಿಮ್ಮ ಬೈಕಿನ ರೂಢಿಯೊಳಗ. ಬುಲೆಟ್ಟಿನ್ಯಾಗ ಬಲಗೈ ಲಿವರ್ ಅಂದ್ರ ಮುಂದಿನ ಬ್ರೇಕ್, ಹೌದಿಲ್ಲೋ? ಸ್ನೋಮೊಬೈಲಿನ್ಯಾಗ ಬಲಗೈ ಹೆಬ್ಬೆರಳಿಗೆ ಥ್ರಾಟಲ್ (ಎಕ್ಸಲರೇಟರ್) ಇರತೈತಿ, ಬ್ರೇಕ್ ಎಡಗೈಯಾಗ, ಅಂದ್ರ ನಿಮ್ಮ ಕ್ಲಚ್ ಇರೋ ಜಾಗಾದಾಗ. ಎದುರಿಗೆ ಮಂದಿ ಬಂದ್ರು, ಗಾಬ್ರಿ ಆತು, ಕೈ ತಾನ ಬಲಗಡಿ ಮುಷ್ಟಿ ಬಿಗಿ ಹಿಡಿತೈತಿ, ಹೆಬ್ಬೆರಳು ಥ್ರಾಟಲ್ ಒತ್ತತೈತಿ, ಗಾಡಿ ನಿಲ್ಲೋದು ಬಿಟ್ಟು ಮುಂದ ಜಿಗಿತೈತಿ. ನಿಮ್ಮೊಳಗ ಆಕ್ಟಿವಾ ಹೊಡಿಯೋರು ಯಾರರ ಇದ್ರ ಅವರಿಗೆ ಎಡಗೈ ಬ್ರೇಕ್ ರೂಢಿ ಇರತೈತಿ, ಅವರು ಲಗು ಕಲೀತಾರ. ನೀವು ಎಂಜಿನ್ ಬಂದ್ ಇರಬೇಕಾದ್ರ ಮ್ಯಾಲ ಕುಂತು "ಹೆಬ್ಬೆರಳು ಬಿಡು, ಎಡಗೈ ಹಿಡಿ" ಅಂತ ಮತ್ತ ಮತ್ತ ಮಾಡ್ರಿ, ನಾಚ್ಕೋಬ್ಯಾಡ್ರಿ. ಚಾಲೂ ಮಾಡೋ ಮೊದ್ಲ ಥ್ರಾಟಲ್ ಒತ್ತಿ ಬಿಟ್ಟು ನೋಡ್ರಿ, ಬಿಟ್ಟ ಕೂಡ್ಲೆ ಪಟ್ಟನ ವಾಪಸ್ ಬರಬೇಕು, ಥಂಡಿಗೆ ಕೇಬಲ್ ಹೆಪ್ಪುಗಟ್ಟಿ ಅಂಟ್ಕೊಂಡಿದ್ರ ಆ ಗಾಡಿ ಹತ್ತಬ್ಯಾಡ್ರಿ. ಎಂಜಿನ್ ಬಂದ್ ಮಾಡೋ ಬಟನ್ ಎಲ್ಲೈತಿ ಅಂತ ಕೇಳ್ರಿ. ಭಾಳ ಗಾಡಿಗೆ ಒಂದ್ ಸುರುಳಿ ಹಗ್ಗ ಇರತೈತಿ, ಒಂದ್ ತುದಿ ಗಾಡಿಗೆ ಇನ್ನೊಂದ್ ತುದಿ ನಿಮ್ಮ ಜಾಕೆಟ್ಟಿಗೆ, ನೀವು ಬಿದ್ರ ಹಗ್ಗ ಕಿತ್ತು ಎಂಜಿನ್ ನಿಲ್ಲತೈತಿ. ಅದನ್ನ ಹಾಕ್ಕೊಳ್ಳದ ಹೋಗಬ್ಯಾಡ್ರಿ.

ಇನ್ನೊಂದು, ಕಾಲು. ತಿರುವಿನ್ಯಾಗ ಬೈಕ್ ಜಾರಿದ್ರ ನಾವು ಕಾಲು ಚಾಚತೀವಿ. ಇಲ್ಲಿ ಹಂಗ ಮಾಡಿದ್ರ ಕಾಲು ಹಿಮದಾಗ ಸಿಕ್ಕು ಮೊಣಕಾಲು ತಿರುವತೈತಿ, ಗಾಡಿ ತೂಕ ಎರಡ್ನೂರು ಕಿಲೋ ದಾಟಿರತೈತಿ. ಕಾಲು ಒಳಗನ ಇರ್ಲಿ, ಮೈಯಿ ತಿರುವಿನ ಕಡಿ ವಾಲಸ್ರಿ. ಬ್ರೇಕ್ ಜೋರ್ ಹಿಡಿದು ಹ್ಯಾಂಡಲ್ ತಿರುವಿದ್ರ ಮುಂದಿನ ಸ್ಕೀ ಸುಮ್ನ ನೆಟ್ಟಗ ಜಾರತಾವು, ಅದಕ್ಕ ತಿರುವು ಬರೋಕಿಂತ ಮೊದ್ಲ ಸ್ಪೀಡ್ ಇಳಸ್ರಿ.

ಗುಲ್ಮಾರ್ಗ್‌ದಾಗ ಗಾಡಿಯವ್ರು ಸಾಮಾನ್ಯ ತಾವ ಜೋಡಿ ಕೂಡತಾರ, ಕೂಡ್ಲಿ ಬಿಡ್ರಿ, "ನಂಗ ಕೊಡು" ಅಂತ ಜಗಳ ಮಾಡಬ್ಯಾಡ್ರಿ. ಅದ ಬಯಲಿನ್ಯಾಗ ಸ್ಲೆಡ್ಜ್ ಎಳಿಯೋರು, ಸ್ಕೀ ಕಲಿಯೋರು, ಸಣ್ಣ ಹುಡುಗರು ಎಲ್ಲಾ ಇರತಾರ. ಹೊಸಾ ಹಿಮ ಬಿದ್ದ ಮ್ಯಾಲ ಕಡಿದಾದ ಇಳಿಜಾರಿನ ಮ್ಯಾಲ ಒಯ್ಯಿ ಅಂತ ಯಾರಿಗೂ ಒತ್ತಾಯ ಮಾಡಬ್ಯಾಡ್ರಿ, 30ರಿಂದ 45 ಡಿಗ್ರಿ ಇಳಿಜಾರಿನ್ಯಾಗನ ಹಿಮಕುಸಿತ ಹೆಚ್ಚು ಆಗೋದು, ಅದರ ಬುಡಕ ನಿಂತು ಫೋಟೋ ತೆಗ್ಯೋದೂ ಬ್ಯಾಡ. ಮತ್ತ ನಮ್ಮ ಬೆಳಗಾವಿ ಸುಮಾರು 750 ಮೀಟರ್ ಎತ್ತರ, ಗುಲ್ಮಾರ್ಗ್ ಸುಮಾರು 2,650, ಮೊದಲನೇ ದಿನ ತಲಿ ಭಾರ ಆಗತೈತಿ, ಆ ದಿನ ಸುಮ್ನ ತಿರುಗಾಡ್ರಿ ಸಾಕು.

ಪ್ರಶ್ನೆ: ನನ್ನ ಮಗ ಕೆನಡಾದ ಒಂಟಾರಿಯೋದಾಗ ಇದಾನ, ಸ್ನೋಮೊಬೈಲ್ ತಗೊಂಡಾನ. ದಾರಿಗೆ ಪರ್ಮಿಟ್ ಬೇಕು, ದಾರಿ ಬಿಟ್ಟು ಇಳಿಯಂಗಿಲ್ಲ ಅಂತಾನ. ಅಷ್ಟು ದೊಡ್ಡ ಬಯಲು, ಮ್ಯಾಲ ಹಿಮ ಬಿದ್ದೈತಿ, ಬೆಳಿನೂ ಇಲ್ಲ. ಎಲ್ಲಿ ಬೇಕಾದಲ್ಲಿ ಹೋದ್ರ ಏನಾಗತೈತ್ರಿ?
– ಕಬ್ಬಿನ ರೈತ, ಜಮಖಂಡಿ ತಾಲೂಕು

ಉತ್ತರ: ರೈತರಾಗಿ ನೀವ ಈ ಪ್ರಶ್ನೆ ಕೇಳಿದ್ದು ನನಗ ಭಾಳ ಖುಷಿ ಆತ್ರಿ ಯಜಮಾನ್ರ. ಆ ಬಯಲು ಬಯಲಲ್ಲ, ಯಾರದೋ ಹೊಲ. ಅಲ್ಲಿ ಸ್ನೋಮೊಬೈಲ್ ಟ್ರೇಲ್ (ದಾರಿ) ಭಾಳಷ್ಟು ರೈತರ ಖಾಸಗಿ ಜಮೀನಿನ ಮ್ಯಾಲನ ಹಾದು ಹೋಗತಾವು, ಅವ್ರು ಒಪ್ಪಿ ಬಿಟ್ಕೊಟ್ಟಿರತಾರ. ಬೆಳಿ ಇಲ್ಲ ಅಂದ್ರಿ, ಹಿಮದ ಕೆಳಗ ಚಳಿಗಾಲದ ಗೋದಿ ಮಲಗಿರತೈತಿ, ದಕ್ಷಿಣ ಒಂಟಾರಿಯೋದಾಗ ಅದನ್ನ ಹಿಂಗಾರಿನ್ಯಾಗ ಬಿತ್ತತಾರ. ಮ್ಯಾಲಿನ ಮೆತ್ತನ ಹಿಮ ಅದಕ್ಕ ಕೌದಿ ಇದ್ದಂಗ, ಗಾಡಿ ಹತ್ತಿ ತುಳದ್ರ ಹಿಮ ಒತ್ತಿ ಗಟ್ಟಿ ಆಗಿ ಚಳಿ ನೆಲಕ್ಕ ಇಳಿತೈತಿ, ಸಸಿ ಸಾಯತಾವು. ಒಬ್ಬಾಂವ ಹಂಗ ಅಡ್ಡಾದಿಡ್ಡಿ ಹೋಗಿ ರೈತಗ ಸಿಟ್ಟು ಬಂದು ಗೇಟ್ ಹಾಕಿದ್ರ ಆ ಒಂದ್ ಹೊಲದ ಸಂಬಂಧ ಇಡೀ ದಾರಿನ ಬಂದ್ ಆಗತೈತಿ, ನೂರಾರು ಮಂದಿಗೆ ದಾರಿ ಇಲ್ಲಂಗ ಆಗತೈತಿ. ಮತ್ತ ಹಿಮದ ಕೆಳಗ ತಂತಿ ಬೇಲಿ, ಕಲ್ಲು, ಹಳ್ಳ ಯಾವುದೂ ಕಾಣಂಗಿಲ್ಲ, ಅಲ್ಲಿ ಸ್ಪೀಡ್‌ನ್ಯಾಗ ತಂತಿಗೆ ಬಿದ್ದವನ ಗತಿ ನಾ ಬರಿಯೋದಿಲ್ಲ.

ಪರ್ಮಿಟ್ ದುಡ್ಡು ದಾರಿ ಸಪಾಟ ಮಾಡಾಕ ಹೋಗತೈತಿ, ಅಲ್ಲಿನ ಸ್ನೋಮೊಬೈಲ್ ಕ್ಲಬ್ಬಿನ ಮಂದಿ ಭಾಳಷ್ಟು ಬಿಟ್ಟಿ ದುಡಿತಾರ. ಗ್ರೂಮರ್ ಅಂತ ದೊಡ್ಡ ಮಷೀನ್ ರಾತ್ರಿ ಓಡತೈತಿ, ಎದುರಿಗೆ ಸಿಕ್ರ ಬಲಕ್ಕ ಸರದು ನಿಲ್ಲಬೇಕು, ಹಿಂದಿನಿಂದ ದಾಟಬೇಕಂದ್ರ ಓಡಸೋನು ಕೈ ಮಾಡಿದ ಮ್ಯಾಲನ ದಾಟಬೇಕು. ಹೊಸದಾಗಿ ಸಪಾಟ ಮಾಡಿದ ದಾರಿ ಗಟ್ಟಿ ಆಗಾಕ ತಾಸುಗಟ್ಲೆ ಬೇಕು. ಒಂಟಾರಿಯೋದಾಗ ಟ್ರೇಲಿನ ಮ್ಯಾಲ ಬ್ಯಾರೆ ಬೋರ್ಡ್ ಇಲ್ಲಂದ್ರ ಸ್ಪೀಡ್ 50 ಕಿಲೋಮೀಟರ್ ದಾಟಂಗಿಲ್ಲ, ಮಗಗ ಇದನ್ನ ಒತ್ತಿ ಹೇಳ್ರಿ. ಮನಿ ಹತ್ರ ಹೋಗಬೇಕಾದ್ರ ಇನ್ನೂ ನಿಧಾನ, ಸಪ್ಪಳ ಕಡಿಮಿ.

ಪ್ರಶ್ನೆ: ಮಗಳು ಅಳಿಯ ಮಿನ್ನೆಸೋಟಾದಾಗ ಇದ್ದಾರ. ದಾರ್ಯಾಗ ಎದುರಿಗೆ ಬರೋರು ಕೈ ಎತ್ತಿ ಏನೇನೋ ಸನ್ನಿ ಮಾಡ್ತಾರ, ಒಂದೂ ತಿಳಿಯೂದಿಲ್ಲ ಅಂತಾಳ. ಈ ಸಲ ನಾನೂ ಹೋಗಾಕಿ ಇದ್ದೀನಿ, ಹಿಂದ ಕೂಡೂದು ಅದ. ಅಂಜಿಕಿ ಬರ್ತದ್ರಿ.
– ವಿಜಯಪುರದ ಓದುಗರು

ಉತ್ತರ: ಅಕ್ಕಾರ, ಅಂಜಿಕಿ ಇರ್ಲಿ, ಒಳ್ಳೇದು. ಮೊದ್ಲ ಮಗಳಿಗೆ ಹೇಳಬೇಕಾದ್ದು ಸನ್ನಿ ಅಲ್ಲ, ಬಲಗಡಿ ಇರು ಅನ್ನೋದು. ನಾವು ಇಲ್ಲಿ ಹುಟ್ಟಿದಾಗಿಂದ ಎಡಕ್ಕ ಸರಿಯೋರು. ಸೀದಾ ದಾರ್ಯಾಗ ಬಲಕ್ಕ ಇರಾಕ ನೆನಪು ಇರತೈತಿ, ಆದ್ರ ಕಾಣದ ತಿರುವಿನ್ಯಾಗ ಒಮ್ಮೆಲೆ ಬೆಳಕು ಬಿತ್ತಂದ್ರ ಕೈ ಎಡಕ್ಕ ಎಳಿತೈತಿ, ಎದುರಿಗೆ ಬರೋ ಗಾಡಿಗೆ ನೆಟ್ಟಗ ಹೋಗತೀವಿ. ಅದಕ್ಕ ಪ್ರತಿ ತಿರುವಿಗೂ, ಪ್ರತಿ ದಿಬ್ಬಕ್ಕೂ ಆಚೆ ಒಬ್ಬಾಂವ ಬರಾಕತ್ತಾನ ಅಂತ ತಿಳ್ಕೊಂಡ ಹೋಗಬೇಕು, ಬಲ ಅಂಚಿಗೆ, ನಿಧಾನ. ಗಾಡಿ ನಿಲ್ಲಸೋದಿದ್ರ ತಿರುವಿನ್ಯಾಗ, ದಿಬ್ಬದ ತುದಿಗೆ ನಿಲ್ಲಸಬಾರ್ದು, ನೇರ ಜಾಗಾದಾಗ ಬಲಕ್ಕ ಒಂದರ ಹಿಂದ ಒಂದು.

ಸನ್ನಿ ಎಲ್ಲಾ ಎಡಗೈಯಿಂದನ, ಬಲಗೈ ಥ್ರಾಟಲ್ ಮ್ಯಾಲ ಇರತೈತಲ್ಲ. ಎಡಗೈ ನೆಟ್ಟಗ ಮ್ಯಾಲ ಎತ್ತಿದ್ರ ನಿಲ್ಲಾಕತ್ತೀನಿ ಅಂತ. ಎಡಕ್ಕ ಚಾಚಿದ್ರ ಎಡ ತಿರುವು, ಮೊಣಕೈ ಮಡಚಿ ಮುಂಗೈ ಮ್ಯಾಲ ನಿಲ್ಲಿಸಿದ್ರ ಬಲ ತಿರುವು. ಹೆಬ್ಬೆರಳು ಹಿಂದಕ ಮಾಡಿ ಹೆಗಲ ಮ್ಯಾಲಿಂದ ತೋರಿಸಿದ್ರ ನನ್ನ ಹಿಂದ ಇನ್ನೂ ಗಾಡಿ ಬರಾಕತ್ತಾವು ಅಂತ, ಮಗಳು ನೋಡಿದ್ದು ಹೆಚ್ಚಾಗಿ ಇದ ಇರಬೇಕು. ಮುಷ್ಟಿ ಮಾಡಿ ಎತ್ತಿದ್ರ ನಾನ ಕೊನೇದಾಂವ. ಕೈ ಬಿಟ್ರ ಗಾಡಿ ತಪ್ಪತೈತಿ ಅನ್ನೋ ಜಾಗಾದಾಗ ಸನ್ನಿ ಬ್ಯಾಡ, ಎರಡೂ ಕೈ ಹ್ಯಾಂಡಲ್ ಮ್ಯಾಲ ಇರ್ಲಿ. ನಡಕೊಂಡು ಹೋಗೋರು, ಸ್ಕೀ ಮ್ಯಾಲ ಬರೋರು, ನಾಯಿ ಸಿಕ್ರ ಗಾಡಿ ಓಡಸೋರ ನಿಧಾನ ಆಗಬೇಕು.

ಮಿನ್ನೆಸೋಟಾದಾಗ ಇನ್ನೊಂದು ಕಾನೂನು ಐತಿ, 1976 ಡಿಸೆಂಬರ್ 31 ಆದ ಮ್ಯಾಲ ಹುಟ್ಟಿದವ್ರಿಗೆ ಸ್ನೋಮೊಬೈಲ್ ಓಡಸಾಕ ಸುರಕ್ಷತಾ ಸರ್ಟಿಫಿಕೇಟ್ ಬೇಕು, ಮಗಳು ಅಳಿಯ ಇಬ್ಬರದೂ ಐತೇನು ಕೇಳ್ರಿ. ಕೆರಿ ಭಾಳ ಇರೋ ರಾಜ್ಯ ಅದು, ಹೆಪ್ಪುಗಟ್ಟಿದ ಕೆರಿ ಮ್ಯಾಲ ಹೋಗೋ ಆಸೆ ಎಲ್ಲಾರಿಗೂ ಬರತೈತಿ. ಹೊಸದಾಗಿ ಕಟ್ಟಿದ ತಿಳಿ ಮಂಜುಗಡ್ಡಿ ಕಡಿಮಿ ಅಂದ್ರೂ 5ರಿಂದ 7 ಇಂಚು ದಪ್ಪ ಇರಬೇಕು ಅಂತ ಅಲ್ಲಿ ಹೇಳತಾರ, ಬೆಳ್ಳಗಿನ ಗಡ್ಡಿ ಆದ್ರ ಅದರ ಎರಡ್ಪಟ್ಟು, ಮತ್ತ ನೀರು ಹರಿಯೋ ಕಡಿ ಯಾವ ಲೆಕ್ಕನೂ ನಂಬಂಗಿಲ್ಲ. ನೀವು ಹಿಂದ ಕುಂತಾಗ ಅವರು ಕೆರಿಗೆ ಇಳಸಾಕ ಹೊಂಟ್ರ "ದಪ್ಪ ಅಳದೀರೇನು" ಅಂತ ಕೇಳೋ ಹಕ್ಕು ನಿಮ್ಮದೈತಿ, ಇಲ್ಲಂದ್ರ ಇಳ್ದು ಬಿಡ್ರಿ. ಕುಂತಾಗ ಹಿಡಿಕಿ ಬಿಗಿ ಹಿಡೀರಿ, ಮಗಳು ಯಾವ ಕಡಿ ವಾಲತಾಳೋ ಆ ಕಡಿನ ವಾಲ್ರಿ. ಸೀರಿ, ದುಪಟ್ಟಾ, ಉದ್ದ ಮಫ್ಲರ್ ಬ್ಯಾಡ, ಓಡೋ ಟ್ರ್ಯಾಕಿಗೆ ಸಿಕ್ಕೋತಾವು.

ಪ್ರಶ್ನೆ: ಚಳಿಗೆ ಜೀನ್ಸ್, ಸ್ವೆಟರ್ ಸಾಕೇನ್ರಿ? ಹೊರಡೋ ಮುಂದ ಒಂದ್ ಪೆಗ್ ಹಾಕಿದ್ರ ಮೈ ಬಿಸಿ ಇರತೈತಿ ಅಂತಾರಲ್ಲ?
– ಚಿಕ್ಕೋಡಿ

ಉತ್ತರ: ಪೆಗ್ ಬ್ಯಾಡೇ ಬ್ಯಾಡ. ಕುಡದ್ರ ಚರ್ಮಕ್ಕ ರಕ್ತ ಬಂದು ಬಿಸಿ ಅನಸತೈತಿ, ಖರೇನ ಅಂದ್ರ ಒಳಗಿನ ಬಿಸಿ ಹೊರಗ ಹೋಗಾಕತ್ತಿರತೈತಿ, ಮ್ಯಾಲ ಕೈ ಬುದ್ಧಿ ಎರಡೂ ನಿಧಾನ ಆಗತಾವು. ಜೀನ್ಸ್ ಹತ್ತಿ ಬಟ್ಟಿ, ಒಮ್ಮೆ ಹಸಿ ಆತಂದ್ರ ಒಣಗಂಗಿಲ್ಲ, ಕಾಲು ಕೊರಿತೈತಿ. ಒಳಗ ಉಣ್ಣಿದು ಇಲ್ಲಾ ಪಾಲಿಯೆಸ್ಟರ್‌ದ್ದು, ನಡುವ ಫ್ಲೀಸ್ ಅನ್ನೋ ಮೆತ್ತನ ಬೆಚ್ಚನ ಬಟ್ಟಿದು, ಮ್ಯಾಲ ಗಾಳಿ ನೀರು ತಡಿಯೋ ಜಾಕೆಟ್ ಪ್ಯಾಂಟ್. ಥರ್ಮಾಮೀಟರ್ ಮೈನಸ್ 10 ತೋರಿಸಿದ್ರ 50 ಕಿಲೋಮೀಟರ್ ಸ್ಪೀಡ್‌ನ್ಯಾಗ ತೆರದ ಚರ್ಮಕ್ಕ ಅದು ಮೈನಸ್ 22ರಂಗ ಬಡಿತೈತಿ, ಅದಕ್ಕ ಮಾರಿ ಪೂರ್ತಿ ಮುಚ್ಚೋ ಹೆಲ್ಮೆಟ್ಟ ಬೇಕು. ಇನ್ನೊಂದ್ ಜೋಡಿ ಕೈಗವಸು ಒಣಾವು ಇಟ್ಕೋರಿ, ಫೋನ್ ಒಳಗಿನ ಕಿಸೆದಾಗ ಇಡ್ರಿ, ಥಂಡಿಗೆ ಬ್ಯಾಟರಿ ಲಗು ಇಳಿತೈತಿ.