ಕಳೆ ತುಂಬಿದ ಕೆರೆಯಲ್ಲಿ ಕೊರಮೀನಿಗೆ ಎಂಥ ಫ್ಲೈ ಕಟ್ಟಬೇಕು?

ನಿಮ್ಮ ಕೆರೆಯ ಅಂಚಿನಲ್ಲಿ ತಾವರೆ ಎಲೆ ಮತ್ತು ಜೊಂಡು, ಅದರಾಚೆ ನೀರೊಳಗೆ ದಟ್ಟವಾದ ಪಾಚಿ ಎಂದಿದ್ದೀರಿ. ಕೊರಮೀನು ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುವುದು ಕಣ್ಣಿಗೆ ಕಾಣುತ್ತದೆ, ಆದರೆ ಕ್ಲೌಸರ್ ಮಿನ್ನೋ ಎಂಬ ಫ್ಲೈ (ಗಾಳಕ್ಕೆ ಕೂದಲು, ಗರಿ ಕಟ್ಟಿ ಮಾಡಿದ ಹುಸಿ ಎರೆ) ಎಸೆದರೆ ಪ್ರತಿ ಸಲವೂ ಒಂದು ಹಿಡಿ ಕಳೆಯೇ ಬರುತ್ತದೆ. ಮೀನುಮರಿಯಂತೆ ಕಾಣುವ, ಕಳೆಗೆ ಸಿಕ್ಕಿಕೊಳ್ಳದ ಫ್ಲೈ ಕಟ್ಟುವುದು ಹೇಗೆ, ಯಾವ ವೀಡ್ ಗಾರ್ಡ್ (ಮೊನೆಗೆ ಕಳೆ ಸಿಕ್ಕದಂತೆ ತಡೆಯುವ ಕುಣಿಕೆ ಅಥವಾ ಕಡ್ಡಿ) ಒಳ್ಳೆಯದು ಎಂಬುದು ನಿಮ್ಮ ಪ್ರಶ್ನೆ.

ವೀಡ್ ಗಾರ್ಡಿನ ವಿಚಾರ ಆಮೇಲೆ ಬರಲಿ. ಗಾಳದ ಮೊನೆ ನೀರಿನಲ್ಲಿ ಯಾವ ಕಡೆಗೆ ತಿರುಗಿದೆ, ಅದರ ಮೇಲೆ ಏನು ಹೊದ್ದಿದೆ, ಫ್ಲೈಯ ತಲೆ ಎಷ್ಟು ನುಣುಪಾಗಿದೆ ಎಂಬ ಮೂರು ಸಂಗತಿಗಳು ಸರಿಯಾದರೆ ಅರ್ಧಕ್ಕಿಂತ ಹೆಚ್ಚು ಕಳೆ ತಾನಾಗಿಯೇ ಜಾರಿ ಹೋಗುತ್ತದೆ. ಇವು ಕೆಟ್ಟಿದ್ದರೆ ಎಂಥ ಗಾರ್ಡ್ ಹಾಕಿದರೂ ಪ್ರಯೋಜನವಿಲ್ಲ. ಜೊತೆಗೆ, ಮೊನೆಗೆ ಕೊಡುವ ಪ್ರತಿಯೊಂದು ರಕ್ಷಣೆಯೂ ಮೀನಿನ ಬಾಯಿಗೆ ಮೊನೆ ನಾಟುವುದನ್ನು ಅಷ್ಟಷ್ಟು ಕಷ್ಟ ಮಾಡುತ್ತದೆ. ಹಾಗಾಗಿ ನಿಮ್ಮ ಕೆರೆಯ ಕಳೆಗೆ ಬೇಕಾದಷ್ಟೇ ರಕ್ಷಣೆ ಕೊಡಿ.

ಕ್ಲೌಸರ್ ಯಾಕೆ ಸೋಲುತ್ತದೆ? ಅದು ಕೆಟ್ಟ ಫ್ಲೈ ಅಲ್ಲ. ಬಾಬ್ ಕ್ಲೌಸರ್ ಅದನ್ನು ಕಟ್ಟಿದ್ದು ಅಮೆರಿಕದ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ನದಿಯ ಸ್ಮಾಲ್‌ಮೌತ್ ಬಾಸ್ ಮೀನಿಗೆ. ಅಲ್ಲಿ ತಳದಲ್ಲಿ ಕಲ್ಲು. ಡಂಬೆಲ್ ಆಕಾರದ ಲೋಹದ ಕಣ್ಣುಗಳ ಭಾರಕ್ಕೆ ಗಾಳ ಮಗುಚಿ ಮೊನೆ ಮೇಲಾಗುತ್ತದೆ, ಕಲ್ಲಿಗೆ ತಗಲುವುದಿಲ್ಲ. ಆದರೆ ಅದೇ ಭಾರ ಪ್ರತಿ ಎಳೆತದ ನಡುವೆ ಫ್ಲೈಯ ಮೂತಿಯನ್ನು ಕೆಳಕ್ಕೆ ತಳ್ಳುತ್ತದೆ. ಪಾಚಿಯ ಮೇಲೆ ತೇಲಿ ಹೋಗಬೇಕಾದದ್ದು ಪಾಚಿಯೊಳಕ್ಕೇ ಧುಮುಕುತ್ತದೆ. ಸಾಲದ್ದಕ್ಕೆ ಲೋಹದ ಕಣ್ಣಿಗೂ ಗಾಳಕ್ಕೂ ನಡುವಿನ ಸಂದಿಯಲ್ಲಿ ಪಾಚಿಯ ಎಳೆಗಳು ಬಂದು ಕೂರುತ್ತವೆ. ನಿಮಗೆ ಬೇಕಾದದ್ದು ಮೊನೆ ಮೇಲಿರುವ, ಆದರೆ ಭಾರವಿಲ್ಲದ ಫ್ಲೈ.

ಇದಕ್ಕೆ ನಾನು ಮೊದಲು ಹೇಳುವುದು ಬೆಂಡ್‌ಬ್ಯಾಕ್, ಅಂದರೆ ಗಾಳವನ್ನು ತುಸು ಬಾಗಿಸಿ ಕಟ್ಟುವ ಫ್ಲೈ. 1/0 ಅಥವಾ 2/0 ಅಳತೆಯ, ಉದ್ದ ಶ್ಯಾಂಕಿನ (ಗಾಳದ ನೇರ ಭಾಗದ) ಗಾಳ ತೆಗೆದುಕೊಳ್ಳಿ. ಗಾಳದ ಕಣ್ಣಿನಿಂದ (ದಾರ ಕಟ್ಟುವ ಉಂಗುರದಿಂದ) ಹಿಂದಕ್ಕೆ ಶ್ಯಾಂಕಿನ ಕಾಲು ಭಾಗ ಬಿಟ್ಟು ಅಲ್ಲಿ ಇಕ್ಕಳದಿಂದ ಹಿಡಿದು, ಕಣ್ಣಿರುವ ತುದಿಯನ್ನು ಮೊನೆಯ ದಿಕ್ಕಿಗೆ ನಿಧಾನವಾಗಿ ಬಾಗಿಸಿ. 10–15 ಡಿಗ್ರಿ ಸಾಕು. ಕಣ್ಣು ಮೊನೆಯ ಮಟ್ಟಕ್ಕೆ ಬಂದರೆ ಬಾಗಿಸಿದ್ದು ಹೆಚ್ಚಾಯಿತು ಎಂದರ್ಥ, ಅಂಥ ಗಾಳ ಮೀನಿನ ಬಾಯಿಯಲ್ಲಿ ಜಾರಿ ಹೊರಬರುತ್ತದೆ. ಸ್ಟೇನ್‌ಲೆಸ್ ಗಾಳಗಳು ಬಾಗಲು ಒಪ್ಪುತ್ತವೆ. ಹೈ ಕಾರ್ಬನ್ ಗಾಳಗಳಲ್ಲಿ ಹಲವು ಟಪ್ಪೆಂದು ಮುರಿಯುತ್ತವೆ, ಕಣ್ಣಿಗೆ ಕನ್ನಡಕ ಇರಲಿ. ಈಗ ಶ್ಯಾಂಕಿನ ಹಿಂಭಾಗ ಎಳೆತದ ಗೆರೆಗಿಂತ ಕೆಳಗಿಳಿಯಿತು. ನೀರಿನಲ್ಲಿ ಅದೇ ಅಡಿಭಾರವಾಗಿ ಮೊನೆ ಮೇಲಾಗುತ್ತದೆ.

ಗಾಳವನ್ನು ವೈಸಿನಲ್ಲಿ (ಗಾಳ ಹಿಡಿದಿಡುವ ಸಾಧನದಲ್ಲಿ) ಮೊನೆ ಮೇಲಾಗುವಂತೆ ಕೂರಿಸಿ. ಬಾಗಿಸಿದ ಜಾಗದಿಂದ ಹಿಂದಕ್ಕೆ ಶ್ಯಾಂಕಿನ ಮೇಲೆ ಬೆಳ್ಳಿ ಬಣ್ಣದ ಜರಿಯನ್ನು ಒತ್ತೊತ್ತಾಗಿ ಸುತ್ತಿ. ಇದು ಹೊಟ್ಟೆ. ಆಮದು ಫ್ಲ್ಯಾಶ್ (ಹೊಳೆಯುವ ಎಳೆ) ಪೊಟ್ಟಣಕ್ಕೆ ದುಡ್ಡು ಸುರಿಯುವ ಬದಲು ಚಿಕ್ಕಪೇಟೆಯಲ್ಲೋ ನಿಮ್ಮೂರಿನ ಹೊಲಿಗೆ ಸಾಮಾನಿನ ಅಂಗಡಿಯಲ್ಲೋ ಜರಿದಾರದ ಒಂದು ಉಂಡೆ ಕೊಳ್ಳಿ. ಈಗಿನ ಅಗ್ಗದ ಜರಿ ಬಹುಪಾಲು ಪಾಲಿಯೆಸ್ಟರ್, ನೀರಿಗೆ ಕಪ್ಪಾಗುವುದಿಲ್ಲ. ಇನ್ನು ರೆಕ್ಕೆ, ಅಂದರೆ ಗಾಳದ ಮೇಲೆ ಕಟ್ಟುವ ಕೂದಲಿನ ಕಂತೆ. ಬಾಗಿದ ಮುಂಭಾಗದ ಮೇಲೆ, ಮೊನೆಯಿರುವ ಕಡೆಗೇ, ಮೊದಲು ಬಿಳಿ ಕೂದಲು, ಅದರ ಮೇಲೆ ಜರಿಯ ನಾಲ್ಕೈದು ಎಳೆ, ಎಲ್ಲಕ್ಕಿಂತ ಮೇಲೆ ಕಡು ಹಸಿರು ಅಥವಾ ಕಂದು ಕೂದಲು. ನೀರಿನಲ್ಲಿ ಇದೇ ಮೀನಿನ ಬೆನ್ನಾಗುತ್ತದೆ. ಒಟ್ಟು ಉದ್ದ 7–8 ಸೆಂಟಿಮೀಟರ್, ಅಂದರೆ ಗೆಂಡೆ ಮರಿಯಷ್ಟು. ಕೂದಲು ಮೊನೆಯನ್ನು ದಾಟಿ ಹಿಂದಕ್ಕೆ ಹೋಗಬೇಕು, ಮೇಲಿನಿಂದ ನೋಡಿದರೆ ಮೊನೆ ಕಾಣಬಾರದು, ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮಾತ್ರ ಚುಚ್ಚಬೇಕು. ಆದರೆ ಹೆಚ್ಚು ಕೂದಲು ಕಟ್ಟುವ ಚಪಲ ಬೇಡ. ಬೆಂಕಿಕಡ್ಡಿಯ ಎರಡರಷ್ಟು ದಪ್ಪದ ಕಂತೆ ಸಾಕು. ದಟ್ಟವಾಗಿ ಕಟ್ಟಿದ ಫ್ಲೈ ಒಣಗಿದ್ದಾಗ ಚೆಂದ, ನೀರಿನಲ್ಲಿ ಬೆಂಡಿನಂತೆ ತೇಲಿ ಪಕ್ಕಕ್ಕೆ ಹೊರಳುತ್ತದೆ. ಹೊರಳಿದ ಮರುಕ್ಷಣ ಮೊನೆ ಕಳೆಗೆ ತಾಗುತ್ತದೆ.

ಕೂದಲು ಎಲ್ಲಿಂದ ತರುವುದು? ರೆಕ್ಕೆ ಒರಟಾಗಿರಬೇಕು, ಬಿರುಸಾಗಿರಬೇಕು. ಅಮೆರಿಕದ ಬಿಳಿಬಾಲದ ಜಿಂಕೆಯ ಬಕ್‌ಟೇಲ್ ಅದಕ್ಕೆಂದೇ ಹೆಸರುವಾಸಿ. ಆದರೆ ಯಾರಾದರೂ ನಮ್ಮ ಕಾಡಿನ ಜಿಂಕೆಯದೋ ಕಡವೆಯದೋ ಕೂದಲು ಕೊಡುತ್ತೇನೆಂದರೆ ಕೈ ಚಾಚಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಟ್ಟುಕೊಳ್ಳುವುದೇ ಅಪರಾಧ. ಮೇಕೆಯ ಉದ್ದ ಕೂದಲು ಚೆನ್ನಾಗಿ ಒದಗುತ್ತದೆ. ಶ್ಯಾಂಪೂ ಹಾಕಿ ತೊಳೆದು ನೆರಳಲ್ಲಿ ಒಣಗಿಸಿದರೆ ವಾಸನೆಯೂ ಹೋಗುತ್ತದೆ. ಗೊಂಬೆಗಳಿಗೆ ಹಾಕುವ ಸಿಂಥೆಟಿಕ್ ಕೂದಲು ನೀರು ಹೀರುವುದಿಲ್ಲ, ಎಸೆಯಲು ಹಗುರ. ಮೊಲದ ಚರ್ಮದ ಪಟ್ಟಿ ನೀರಿನಲ್ಲಿ ಜೀವವಿದ್ದಂತೆ ಅಲುಗುತ್ತದೆ, ನಿಜ. ಆದರೆ ನೀರು ಕುಡಿದು ಒದ್ದೆ ಕಾಲುಚೀಲದಂತಾಗುತ್ತದೆ, ಮೇಲಾಗಿ ಪಾಚಿಯ ಲೋಳೆಯೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಕಳೆಯ ಕೆರೆಗೆ ನಾನು ಅದನ್ನು ಒಯ್ಯುವುದಿಲ್ಲ.

ತಲೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಕಟ್ಟುವವರು ಇಲ್ಲಿಗೆ ಬರುವಷ್ಟರಲ್ಲಿ ದಣಿದು ಅವಸರ ಮಾಡುತ್ತಾರೆ. ಗಾಳದ ಕಣ್ಣಿನಿಂದ ರೆಕ್ಕೆಯ ಬುಡದವರೆಗೆ ದಾರದ ಸುತ್ತು ಶಂಕುವಿನಂತೆ ಏರುತ್ತ ಹೋಗಬೇಕು, ನಡುವೆ ಎಲ್ಲೂ ಮೆಟ್ಟಿಲು ಇರಬಾರದು. ಕೂದಲಿನ ಬುಡವನ್ನು ನೇರವಾಗಿ ಕತ್ತರಿಸಿದರೆ ಮೆಟ್ಟಿಲು ಏಳುತ್ತದೆ. ಕತ್ತರಿಯನ್ನು ಓರೆಯಾಗಿ ಹಿಡಿದು ಕತ್ತರಿಸಿ. ಅಂಟಿಸುವ ಚಪ್ಪಟೆ ಕಣ್ಣುಗಳನ್ನು ಎರಡೂ ಬದಿಗೆ ಇಟ್ಟು, ಇಡೀ ತಲೆಯ ಮೇಲೆ ಯುವಿ ರೆಸಿನ್ ಅಥವಾ ಎಪಾಕ್ಸಿ ತೆಳುವಾಗಿ ಹರಡಿ. ಗಟ್ಟಿಯಾದ ಮೇಲೆ ಉಗುರಿನಿಂದ ಗಾಳದ ಕಣ್ಣಿನ ಕಡೆಯಿಂದ ಹಿಂದಕ್ಕೆ ಗೀರಿ ನೋಡಿ. ಉಗುರು ಎಲ್ಲಾದರೂ ತಡೆದರೆ ತಾವರೆಯ ದಂಟೂ ಅಲ್ಲೇ ತಡೆಯುತ್ತದೆ.

ಇಷ್ಟಾದ ಮೇಲೂ ಕಳೆ ಬಂದರೆ ಆಗ ವೀಡ್ ಗಾರ್ಡ್. ಅದು ಹೆಚ್ಚು ಬೇಕಾಗುವುದು ಮೊನೆ ಕೆಳಗಿರುವ ಫ್ಲೈಗಳಿಗೆ, ಉದಾಹರಣೆಗೆ ಡಿಸೀವರ್‌ಗೆ. ಅಮೆರಿಕದ ಫ್ಲೈ ಮೀನುಗಾರ ಲೆಫ್ಟಿ ಕ್ರೇ ಅದನ್ನು ರೂಪಿಸಿದ್ದು ಚೆಸಪೀಕ್ ಕೊಲ್ಲಿಯ ಸ್ಟ್ರೈಪ್ಡ್ ಬಾಸ್‌ಗಾಗಿ. ಉದ್ದ ಗರಿಗಳನ್ನು ಶ್ಯಾಂಕಿನ ಕೊನೆಯಲ್ಲಿ, ಬಾಗು ಶುರುವಾಗುವ ಜಾಗದಲ್ಲಿ ಕಟ್ಟುವುದರಿಂದ ಎಸೆಯುವಾಗ ಅವು ಗಾಳಕ್ಕೆ ಸುತ್ತಿಕೊಳ್ಳುವುದಿಲ್ಲ. ಕಳೆಯ ನೀರಿನಲ್ಲಿ ಈ ಗುಣ ಬಲು ದೊಡ್ಡದು, ಸುತ್ತಿಕೊಂಡ ಬಾಲಕ್ಕೆ ಸಿಗದ ಕಳೆಯಿಲ್ಲ. ಇದಕ್ಕೆ ನಾಟಿ ಹುಂಜದ ಬೆನ್ನಿನ ಉದ್ದ ಗರಿ ಸಾಕು. ಕೋಳಿ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಒಂದು ಚೀಲ ತೆಗೆದಿಡುತ್ತಾರೆ, ಯಾಕೆಂದು ಕೇಳಿ ನಗುತ್ತಾರೆ ಕೂಡ.

ಮೋನೊ (ಒಂಟಿ ಎಳೆಯ ನೈಲಾನ್ ದಾರ) ಕುಣಿಕೆಯ ಗಾರ್ಡ್ ಹೀಗೆ. ಫ್ಲೈ ಕಟ್ಟಲು ಶುರು ಮಾಡುವ ಮೊದಲೇ 0.50 ಮಿಲಿಮೀಟರ್ ದಪ್ಪದ ಗಟ್ಟಿ ಮೋನೊ ದಾರದ ಒಂದು ತುದಿಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಅದನ್ನು ಶ್ಯಾಂಕಿನ ಹಿಂದೆ ಇಟ್ಟು, ಬಾಗಿನ ಅರ್ಧದವರೆಗೆ ದಾರದಿಂದ ಸುತ್ತಿ, ಒಂದು ತೊಟ್ಟು ಅಂಟು ಹಾಕಿ. ಉಳಿದದ್ದನ್ನು ಹಿಂದಕ್ಕೆ ಬಿಟ್ಟು ಫ್ಲೈ ಪೂರ್ತಿ ಕಟ್ಟಿ ಮುಗಿಸಿ. ಕೊನೆಯಲ್ಲಿ ಮೋನೊವನ್ನು ಮೊನೆಯ ಕೆಳಗಿನಿಂದ ಮುಂದಕ್ಕೆ ತಂದು ಕಣ್ಣಿನ ಹಿಂದೆ ಕಟ್ಟಿ. ಕುಣಿಕೆ ಮೊನೆಗಿಂತ 3–4 ಮಿಲಿಮೀಟರ್ ಕೆಳಗೆ ಜೋತಿರಲಿ. ಬಿಗಿಯುವ ಮೊದಲು ತುದಿಗೆ ಲೈಟರ್ ತೋರಿಸಿ, ಕರಗಿ ಸಣ್ಣ ಗುಂಡು ಆಗುತ್ತದೆ, ಆ ಗುಂಡು ದಾರದ ಸುತ್ತಿನಿಂದ ಜಾರಿ ಹೊರಬರುವುದಿಲ್ಲ. ಪರೀಕ್ಷೆಗೆ ಕೆರೆಗೇ ಹೋಗಬೇಕಿಲ್ಲ. ತೆಂಗಿನ ಕಡ್ಡಿ ಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಿ ಕಡ್ಡಿಗಳ ನಡುವೆ ಫ್ಲೈ ಎಳೆಯಿರಿ. ನಾಲ್ಕು ಸಲದಲ್ಲಿ ಮೂರು ಸಲ ಸರಾಗವಾಗಿ ಬಂದರೆ ಸಾಕು. ನಾಲ್ಕೂ ಸಲ ಬಂದರೆ ನನಗೆ ಅನುಮಾನ, ಬಹುಶಃ ಗಾರ್ಡ್ ಅತಿ ಬಿರುಸಾಗಿದೆ. ಕುಣಿಕೆ ಕಿರುಬೆರಳಿನ ಒತ್ತಿಗೇ ಬಾಗಿ ಮೊನೆ ಹೊರಬರಬೇಕು.

ಬೆಂಡ್‌ಬ್ಯಾಕಿಗೂ ಗಾರ್ಡ್ ಬೇಕೆನಿಸಿದರೆ ಕುಣಿಕೆ ಬೇಡ. ಕಣ್ಣಿನ ಹಿಂದಿನಿಂದ ಮೊನೆಯತ್ತ ಓರೆಯಾಗಿ ಚಾಚಿದ ಎರಡು ಮೋನೊ ಕಡ್ಡಿಗಳು ಸಾಕು, ಮೊನೆಯ ಎರಡೂ ಪಕ್ಕಕ್ಕೆ ಒಂದೊಂದು. ಗಿಟಾರಿನ ತೀರಾ ತೆಳುವಾದ ಉಕ್ಕಿನ ತಂತಿಯಿಂದಲೂ ಒಂಟಿ ಕಡ್ಡಿಯ ಗಾರ್ಡ್ ಮಾಡಬಹುದು. ಜೊಂಡಿನಂಥ ಗಟ್ಟಿ ಕಾಂಡಕ್ಕೆ ಅದು ಮೋನೊಗಿಂತ ಮೇಲು. ಒಮ್ಮೆ ಸೊಟ್ಟಗಾದರೆ ಕೈಯಿಂದ ನೇರ ಮಾಡಿಕೊಳ್ಳಬೇಕು, ಅಷ್ಟೇ ತೊಂದರೆ.

ಈಗ ನಿಮ್ಮ ಕೆರೆಗೆ ಬರೋಣ. ತಾವರೆ, ನೈದಿಲೆ ಎಲೆಗಳ ನಡುವೆ ಗಾರ್ಡಿಲ್ಲದ ಬೆಂಡ್‌ಬ್ಯಾಕ್ ಸಾಕು. ಎಲೆಯ ಮೇಲೆಯೇ ಬೀಳಿಸಿ, ಮೆಲ್ಲಗೆ ಎಳೆದು ಅಂಚಿನಿಂದ ನೀರಿಗೆ ಜಾರಿಸಿ, ನಿಲ್ಲಿಸಿ. ಕೊರಮೀನು ಹೊಂಚು ಹಾಕಿ ಹಿಡಿಯುವ ಮೀನು, ಎಲೆಯ ನೆರಳಲ್ಲಿ ಕಾದಿರುತ್ತದೆ. ಗಾಳಿ ಕುಡಿಯಲು ಮೇಲೆ ಬರಲೇಬೇಕಾದ ಪ್ರಾಣಿಯಾದ್ದರಿಂದ ತಾನಿರುವ ಜಾಗವನ್ನೂ ತಾನೇ ತೋರಿಸಿಕೊಡುತ್ತದೆ. ನೀರೊಳಗಿನ ಹೈಡ್ರಿಲ್ಲಾದಂಥ ಕಳೆ ಮೇಲ್ಮೈಗಿಂತ ಒಂದು ಅಡಿ ಕೆಳಗಿದ್ದರೆ ಮೋನೊ ಕುಣಿಕೆಯ ಡಿಸೀವರ್ ಒಳ್ಳೆಯದು, ತೇಲುವ ಲೈನಿನಲ್ಲಿ. ಅಂತರಗಂಗೆ ಚಾಪೆ ಹಾಸಿದಂತೆ ಮುಚ್ಚಿದ್ದರೆ ಮೀನುಮರಿಯ ಫ್ಲೈಯನ್ನೇ ಮರೆಯಿರಿ, ಫೋಮಿನ ತಲೆಯ ತೇಲುವ ಫ್ಲೈಗೆ ಗಾರ್ಡ್ ಹಾಕಿ ಮೇಲೆಯೇ ಆಡಿಸಿ. ಇನ್ನು ಕೂದಲೆಳೆಯಂಥ ಹಸಿರು ಪಾಚಿ. ಅದಕ್ಕೆ ಮದ್ದಿಲ್ಲ. ಗಾರ್ಡ್ ಹಾಕಿದರೆ ಪಾಚಿ ನೇತುಬೀಳಲು ಇನ್ನೊಂದು ಗೂಟ ಕೊಟ್ಟಂತೆ. ಅಲ್ಲಿಂದ ಹತ್ತು ಹೆಜ್ಜೆ ಪಕ್ಕಕ್ಕೆ ಹೋಗಿ ಎಸೆಯುವುದೇ ಜಾಣತನ. ನೀರು ಕೆಂಪಗೆ ರಾಡಿಯಾಗಿದ್ದರೆ ಮೇಲೆ ಹೇಳಿದ ಬಣ್ಣಗಳನ್ನು ಬಿಟ್ಟು ಪೂರ್ತಿ ಕಪ್ಪು ಫ್ಲೈ ಕಟ್ಟಿ, ಕೆಳಗಿನಿಂದ ನೋಡುವ ಮೀನಿಗೆ ಅದರ ಆಕಾರ ಎದ್ದು ಕಾಣುತ್ತದೆ.

ಲೀಡರಿನಲ್ಲಿ (ಲೈನಿಗೂ ಫ್ಲೈಗೂ ನಡುವೆ ಕಟ್ಟುವ ದಾರದಲ್ಲಿ) ಗಂಟು ಕಡಿಮೆಯಿದ್ದಷ್ಟು ಪಾಚಿ ಕಡಿಮೆ. ನಾನು ಬಳಸುವುದು 30 ಪೌಂಡ್ ಮೋನೊದ ಒಂದೇ ತುಂಡು, ಒಂದೂವರೆ ಮೀಟರ್ ಅಥವಾ ಸ್ವಲ್ಪ ಹೆಚ್ಚು. ಕೊರಮೀನಿನ ಹಲ್ಲಿಗೆ ಇಷ್ಟು ದಪ್ಪವಿದ್ದರೆ ಉಕ್ಕಿನ ತಂತಿ ಬೇಕಿಲ್ಲ. ವೀಡ್ ಗಾರ್ಡಿಗೂ ಅದೇ ಸುರುಳಿಯಿಂದ ಕತ್ತರಿಸಿಕೊಳ್ಳುತ್ತೇನೆ. ಗಂಟು ಬಿಗಿದ ಮೇಲೆ ಉಳಿದ ತುದಿಯನ್ನು ಬುಡಕ್ಕೆ ಕತ್ತರಿಸಿ.

ಮೀನು ಹಿಡಿದಾಗ ಕೋಲನ್ನು ಮೇಲೆತ್ತಬೇಡಿ. ಕೊರಮೀನಿನ ಬಾಯಿ ಎಲುಬಿನಿಂದ ಗಟ್ಟಿ, ಜೊತೆಗೆ ನಿಮ್ಮದೇ ಗಾರ್ಡನ್ನೂ ಕೂದಲನ್ನೂ ದಾಟಿ ಮೊನೆ ಒಳಗಿಳಿಯಬೇಕು. ಕೋಲಿನ ತುದಿ ಮೀನಿನತ್ತಲೇ ಇರಲಿ, ಎಡಗೈಯಿಂದ ಲೈನನ್ನು ಬಲವಾಗಿ ಒಮ್ಮೆ ಹಿಂದಕ್ಕೆ ಎಳೆಯಿರಿ. ಲೈನ್ ಬಿಗಿಯಾಗದಿದ್ದರೆ ಇನ್ನೊಮ್ಮೆ. ಆಮೇಲೆ ಕಳೆಯೊಳಕ್ಕೆ ತಲೆ ತೂರಿಸಲು ಬಿಡದೆ ಎಳೆದುಕೊಳ್ಳಿ. ಇದಕ್ಕೆ 8 ನಂಬರ್ ಕೋಲು ಬೇಕು. ಟ್ರೌಟ್ ಮೀನಿಗೆಂದು ಕೊಂಡ 5 ನಂಬರ್ ಕೋಲಿನಲ್ಲಿ ಆಗುವ ಕೆಲಸವಲ್ಲ.

ನೀವು ಕೇಳದ ಎರಡು ಮಾತು. ನಮ್ಮಲ್ಲಿ ಬಹಳಷ್ಟು ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆದಾರರನ್ನೋ ಪಂಚಾಯಿತಿಯವರನ್ನೋ ಕೇಳಿಯೇ ಇಳಿಯಿರಿ. ಇನ್ನೊಂದು, ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಅದರ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಅಲ್ಲಿ ಏನು ಎಸೆದರೂ ಸಿಟ್ಟಿನಿಂದ ಕಚ್ಚುತ್ತವೆ, ಹಿಡಿಯುವುದು ಸುಲಭ. ಆದರೆ ದೊಡ್ಡವು ಹೋದರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಆ ಗುಂಪನ್ನು ಬಿಟ್ಟು ಮುಂದೆ ಹೋಗಿ.

ಸಾಧ್ಯವಾದರೆ ನಿಮ್ಮ ಕೆರೆಯ ಕಳೆಯನ್ನು ಹತ್ತಿರದಿಂದ ಒಂದು ಫೋಟೊ ತೆಗೆದು ಪ್ರಶ್ನೆಗೆ ಸೇರಿಸಿ, ಕೆರೆಯ ಹೆಸರು ಬೇಡ. ದಂಟು ಎಷ್ಟು ದಪ್ಪ ಎಂದು ಕಂಡರೆ ಗಾರ್ಡಿಗೆ ಮೋನೊ ಸಾಕೋ ತಂತಿಯೇ ಬೇಕೋ ಹೇಳುತ್ತೇನೆ.