ಎಡಿಸನ್ ತಾಯಿಯ ಕಾಗದ ಮತ್ತೆ ನಿಮ್ಮ ಸಿಟ್ಟು

ನಮಸ್ಕಾರ ಮೇಡಂ,

ನಿಮ್ಮ ಪತ್ರ ಓದಿದೆ. ಸಿಟ್ಟಲ್ಲೇ ಬರ್ದಿದೀರ ಅಂತ ಮೊದಲನೇ ಸಾಲಲ್ಲೇ ಗೊತ್ತಾಯ್ತು, ಪರವಾಗಿಲ್ಲ. ಉದ್ದ ಇರೋದ್ರಿಂದ ಪೂರ್ತಿ ಹಾಕೋಕಾಗ್ಲಿಲ್ಲ, ಬೇರೆ ಓದುಗರಿಗೋಸ್ಕರ ವಿಷಯ ಏನು ಅಂತ ಚುಟುಕಾಗಿ ಹೇಳ್ಬಿಡ್ತೀನಿ. ಮಕ್ಕಳ ಪುಟದಲ್ಲಿ ಎಡಿಸನ್ ಬಗ್ಗೆ ಬರೆದಾಗ ನಾವು ಆ ವಾಟ್ಸಾಪ್ ಕಥೆ ನಡೆದಿದ್ದಲ್ಲ ಅಂತ ಹಾಕಿದ್ವಿ. ಅದೇ, ಸ್ಕೂಲಿಂದ ಬಂದ ಕಾಗದನ ತಾಯಿ "ನಿಮ್ಮ ಮಗ ಮಹಾ ಬುದ್ಧಿವಂತ, ಅವನಿಗೆ ಕಲಿಸೋ ಯೋಗ್ಯತೆ ನಮ್ಮ ಮೇಷ್ಟ್ರಿಗಿಲ್ಲ" ಅಂತ ಓದಿ ಹೇಳಿದ್ರು, ಅವರು ತೀರ್ಕೊಂಡು ಎಷ್ಟೋ ವರ್ಷ ಆದ್ಮೇಲೆ ಕಾಗದ ಮಗನ ಕೈಗೆ ಸಿಕ್ತು, ನೋಡಿದ್ರೆ ಅದ್ರಲ್ಲಿ "ನಿಮ್ಮ ಮಗನಿಗೆ ಬುದ್ಧಿ ಸರಿ ಇಲ್ಲ, ಇನ್ಮೇಲೆ ಕಳಿಸ್ಬೇಡಿ" ಅಂತ ಇತ್ತು ಅನ್ನೋದು. ನಿಮ್ಮ ಒಂಬತ್ತು ವರ್ಷದ ಮಗನಿಗೆ ಲೆಕ್ಕದಲ್ಲಿ ಮಾರ್ಕ್ಸ್ ಕಮ್ಮಿ ಬಂದಾಗೆಲ್ಲ ನೀವು ಹೇಳ್ತಿದ್ದಿದ್ದು ಇದೇ ಕಥೆಯಂತೆ, ಅವನು ನಮ್ಮ ಪುಟ ಓದಿ "ಅಮ್ಮಾ, ನೀನು ಸುಳ್ಳು ಹೇಳ್ದೆ" ಅಂದನಂತೆ. ನೀವು ಕೇಳಿರೋದು ಇಷ್ಟು. ಸ್ಫೂರ್ತಿ ಸಿಗೋದಾದ್ರೆ ಕಥೆ ನಿಜಾನೋ ಸುಳ್ಳೋ ಕಟ್ಕೊಂಡು ಏನಾಗ್ಬೇಕು, ದೊಡ್ಡವರ ಬದುಕಿನ ಕಹಿನೆಲ್ಲ ಮಕ್ಕಳ ಮುಂದೆ ಯಾಕೆ ಹರಡ್ಬೇಕು, ಅಷ್ಟಕ್ಕೂ ಎಂಥ ಪುಸ್ತಕ ಕೊಡಿಸ್ಬೇಕು ಅಂತ ನೀವೇ ಹೇಳಿ.

ಎಡಿಸನ್ ವಿಷಯನೇ ಮೊದಲು ತಗೊಳ್ಳೋಣ. ಏನು ನಡೀತು ಅಂತ ಅವರೇ ವಯಸ್ಸಾದ ಮೇಲೆ ಹೇಳ್ಕೊಂಡಿದ್ದಾರೆ. ಈ ಹುಡುಗನ ತಲೆ ನೆಟ್ಟಗಿಲ್ಲ, ಇವನನ್ನ ಇಟ್ಕೊಂಡು ಪ್ರಯೋಜನ ಇಲ್ಲ ಅಂತ ಮೇಷ್ಟ್ರು ಅಂದಿದ್ದು ಹುಡುಗನ ಕಿವಿಗೇ ಬಿತ್ತು. ಅಳ್ತಾ ಮನೆಗೆ ಬಂದು ಅಮ್ಮನಿಗೆ ಹೇಳ್ದ. ಆಯಮ್ಮ ನ್ಯಾನ್ಸಿ ಹಿಂದೆ ತಾನೇ ಟೀಚರ್ ಆಗಿದ್ದವರು, ಸೀದಾ ಸ್ಕೂಲಿಗೆ ಹೋಗಿ ಮೇಷ್ಟ್ರನ್ನ ದಬಾಯಿಸಿ ಮಗನನ್ನ ಬಿಡಿಸ್ಕೊಂಡು ಬಂದ್ರು, ಆಮೇಲೆ ಮನೇಲೇ ಕೂರಿಸ್ಕೊಂಡು ಕಲಿಸಿದ್ರು. ನಿಮ್ಮ ಮಗನ ವಯಸ್ಸಲ್ಲೇ ಅವನ ಕೈಗೆ ಒಂದು ವಿಜ್ಞಾನದ ಪುಸ್ತಕ ಬಂತು, ಮನೇಲೇ ಮಾಡಿ ನೋಡೋ ಅಂಥ ಪ್ರಯೋಗಗಳಿದ್ದ ಪುಸ್ತಕ, ಹುಡುಗ ಒಂದೊಂದಾಗಿ ಮಾಡ್ತಾ ಹೋದ. 12ನೇ ವಯಸ್ಸಿಗೆ ರೈಲಲ್ಲಿ ಪೇಪರ್ ಮಾರ್ತಿದ್ದ, ಲಗೇಜ್ ಬೋಗಿ ಒಳಗೇ ಒಂದು ಪುಟ್ಟ ಲ್ಯಾಬ್ ಇಟ್ಕೊಂಡಿದ್ದ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಮೇಡಂ. ವಾಟ್ಸಾಪ್ ಕಥೇಲಿ ತಾಯಿ ಮಾಡೋದು ಒಂದೇ ಕೆಲಸ, ಒಂದು ಸುಳ್ಳು ಹೇಳಿ ಕಣ್ಣೀರು ಒರೆಸ್ಕೊಳ್ಳೋದು, ಮಗ ತನ್ನಷ್ಟಕ್ಕೆ ತಾನೇ ಜೀನಿಯಸ್ ಆಗ್ಬಿಡ್ತಾನೆ. ನಿಜದಲ್ಲಿ ಮಗನಿಗೆ ಮೇಷ್ಟ್ರು ಅಂದಿದ್ದು ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು, ಅವನಿಗೆ ಗೊತ್ತು ಅನ್ನೋದೂ ಅವರಿಗೆ ಗೊತ್ತಿತ್ತು, ಹಾಗಿದ್ದೂ ದಿನಾ ಕೂತು ಪಾಠ ಮಾಡಿದ್ರು. ಮಾರ್ಕ್ಸ್ ಕಮ್ಮಿ ಬಂದ ಹುಡುಗನಿಗೆ ಇದ್ರಲ್ಲಿ ಹಿಡ್ಕೊಳ್ಳೋಕೆ ಏನೋ ಒಂದು ಇದೆ. "ನೀನು ಜೀನಿಯಸ್, ಲೋಕಕ್ಕೆ ಗೊತ್ತಾಗ್ಲಿಲ್ಲ ಅಷ್ಟೇ" ಅನ್ನೋ ಮಾತಲ್ಲಿ ಏನಿದೆ? ಮುಂದಿನ ಟೆಸ್ಟಲ್ಲೂ ಕಮ್ಮಿ ಬಂದ್ರೆ ಅವನು ಯಾವುದನ್ನ ನಂಬ್ಬೇಕು? ನನ್ನ ತಕರಾರು ಸುಳ್ಳು ಸುಳ್ಳು ಅನ್ನೋದಕ್ಕಿಂತ ಹೆಚ್ಚಾಗಿ ಇದು. ಈ ಕಟ್ಟುಕಥೆಗಳಲ್ಲಿ ಹೆಚ್ಚಿನವು ದೊಡ್ಡವರು ಹುಟ್ಟುತ್ಲೇ ದೊಡ್ಡವರು ಅಂತ ಹೇಳ್ಕೊಡುತ್ವೆ, ಅವರು ಏನು ಮಾಡಿದ್ರು ಅನ್ನೋದೇ ಕಾಣಲ್ಲ.

ಲೆಕ್ಕದ ಮಾತು ಬಂತಲ್ಲ, ಐನ್‌ಸ್ಟೀನ್ ಲೆಕ್ಕದಲ್ಲಿ ಫೇಲ್ ಅನ್ನೋದೂ ನಿಮ್ಮ ಪತ್ರದಲ್ಲಿದೆ, ದಯವಿಟ್ಟು ಅದನ್ನೂ ಬಿಟ್ಬಿಡಿ. ಆ ಸುದ್ದಿ ಅವರು ಬದುಕಿದ್ದಾಗಲೇ ಪೇಪರಲ್ಲಿ ಬಂದಿತ್ತು, 1935ರಲ್ಲಿ ಅವರಿಗೆ ತೋರಿಸ್ದಾಗ ಲೆಕ್ಕದಲ್ಲಿ ನಾನು ಯಾವತ್ತೂ ಫೇಲ್ ಆಗಿಲ್ಲ ಅಂದ್ರು, 15 ತುಂಬೋ ಮೊದಲೇ ಕ್ಯಾಲ್ಕುಲಸ್ ಕಲಿತಿದ್ದವರು. ಅವರು ಪಾಸಾಗದೇ ಇದ್ದಿದ್ದು 1895ರಲ್ಲಿ ಜ್ಯೂರಿಕ್‌ನ ಕಾಲೇಜಿನ ಎಂಟ್ರೆನ್ಸ್ ಪರೀಕ್ಷೆ, ಅದ್ರಲ್ಲೂ ಲೆಕ್ಕ ಫಿಸಿಕ್ಸ್ ಚೆನ್ನಾಗೇ ಮಾಡಿದ್ರು, ಬೇರೆ ಸಬ್ಜೆಕ್ಟ್ ಕೈಕೊಟ್ವು. ವಯಸ್ಸು ಹದಿನಾರು, ಉಳಿದವರಿಗಿಂತ ಚಿಕ್ಕವರು. ಆಮೇಲೆ ಆರಾವ್ ಅನ್ನೋ ಊರಿನ ಸ್ಕೂಲಿಗೆ ಸೇರಿ ಓದಿ 1896ರಲ್ಲಿ ಅದೇ ಕಾಲೇಜಿಗೆ ಹೋದ್ರು. ಇದನ್ನ ಹೇಳಿ ಮಗನಿಗೆ.

ಸುಳ್ಳಿನ ಮಾತಿಗೆ ಬಂದ್ರೆ ನನಗೆ ತುಂಬಾ ನಗು ಬರೋದು ಜಾರ್ಜ್ ವಾಷಿಂಗ್ಟನ್ ಚೆರ್ರಿ ಮರದ ಕಥೆಗೆ. ಹುಡುಗ ಅಪ್ಪನ ಮರ ಕಡಿದು "ನಾನು ಸುಳ್ಳು ಹೇಳಲ್ಲ ಅಪ್ಪಾ" ಅಂದ ಅನ್ನೋದನ್ನ ನಾವೂ ಸ್ಕೂಲಲ್ಲಿ ಓದಿದ್ದೇ. ಅದನ್ನ ಮೊದಲು ಬರೆದವರು ಮೇಸನ್ ವೀಮ್ಸ್ ಅನ್ನೋ ಪಾದ್ರಿ, ಅವರು ಬರೆದ ವಾಷಿಂಗ್ಟನ್ ಜೀವನಚರಿತ್ರೆ 1800ರಲ್ಲಿ ಬಂದಾಗ ಈ ಮರ ಇರಲೇ ಇಲ್ಲ, 1806ರ ಮುದ್ರಣದಲ್ಲಿ ಬಂದು ಸೇರ್ಕೊಳ್ತು. ಸತ್ಯ ಹೇಳ್ಬೇಕು ಅಂತ ಕಲಿಸೋಕೆ ಸುಳ್ಳು ಕಟ್ಟಿದ ಪುಣ್ಯಾತ್ಮ!

ಹಾಗಂತ ಮಗು ತಪ್ಪು ಒಪ್ಕೊಳ್ಳೋ ನಿಜವಾದ ಕಥೆಗೇನು ಬರ ಇದೆಯಾ? ಗಾಂಧೀಜಿ ತಮ್ಮ ಆತ್ಮಕಥೇಲಿ ತಾವೇ ಬರ್ದಿದಾರೆ. ಹದಿನೈದರ ಆಸುಪಾಸು, ಅಣ್ಣನ ಸಾಲ ತೀರಿಸೋಕೆ ಅಣ್ಣನದೇ ಚಿನ್ನದ ಕಡಗದಿಂದ ಒಂದು ಚೂರು ಕದ್ರು. ಸಾಲ ತೀರ್ತು, ಮನಸ್ಸು ತಡೀಲಿಲ್ಲ. ಅಪ್ಪನ ಮುಂದೆ ಬಾಯಿ ಬರಲ್ಲ ಅಂತ ಚೀಟಿ ಬರೆದ್ರು, ನನಗೆ ತಕ್ಕ ಶಿಕ್ಷೆ ಕೊಡಿ, ಆದ್ರೆ ನನ್ನ ತಪ್ಪಿಗೆ ನೀವು ನಿಮ್ಮನ್ನ ಶಿಕ್ಷಿಸ್ಕೊಳ್ಬೇಡಿ ಅಂತ. ಅಪ್ಪ ಕಾಯಿಲೆಯಿಂದ ಮಲಗಿದ್ರು, ಚೀಟಿ ಕೊಟ್ಟು ನಡುಗ್ತಾ ಎದುರಿಗೆ ಕೂತ್ರು. ಅಪ್ಪ ಎದ್ದು ಕೂತು ಓದಿದ್ರು, ಕಣ್ಣೀರು ಕಾಗದದ ಮೇಲೆ ಬಿತ್ತು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಚೀಟಿ ಹರಿದು ಹಾಕಿ ಮತ್ತೆ ಮಲಗಿದ್ರು. ಬೈಗುಳ ಇಲ್ಲ, ಉಪದೇಶ ಇಲ್ಲ. ಯಾವ ಪಾದ್ರಿ ಕೂತು ಕಟ್ಟಿದ್ರೂ ಆ ಚೀಟಿ ಹರಿಯೋದನ್ನ ಕಟ್ತಿರಲಿಲ್ಲ, ಎರಡು ಬುದ್ಧಿಮಾತು ಸೇರಿಸ್ತಿದ್ದ. ಮತ್ತೆ ಇದು ಗಾಂಧೀಜಿ ತಪ್ಪು ಮಾಡಿದ ಕಥೆ, "ತಪ್ಪೆಲ್ಲ ಯಾಕೆ ಹೇಳ್ತೀರ" ಅಂತ ನಾವು ಇದನ್ನ ತೆಗೆದುಬಿಟ್ರೆ ಉಳಿಯೋದೇನು ಹೇಳಿ.

(ಒಂದು ಅಡ್ಡಮಾತು. ನಮಗೆ ಬರೋ ಮಕ್ಕಳ ಲೇಖನಗಳಲ್ಲಿ ಯಾರ ಬಗ್ಗೆ ಬರೆದಿದ್ರೂ ಬೀದಿ ದೀಪದ ಕೆಳಗೆ ಕೂತು ಓದಿದ್ರು ಅಂತ ಇರುತ್ತೆ. ನಿಜವಾಗ್ಲೂ ಹಾಗೆ ಓದಿದವರು ಇದ್ದಾರೆ, ಇಲ್ಲ ಅಂತಲ್ಲ, ಆದ್ರೆ ದೀಪನ ಒಬ್ಬರ ಹತ್ರ ಕಿತ್ತು ಇನ್ನೊಬ್ಬರ ಮನೆ ಮುಂದೆ ನೆಡೋದನ್ನ ಲೇಖಕರು ನಿಲ್ಲಿಸ್ಬೇಕು.)

ಕೆಲವು ಸಲ ಏನೂ ಸುಳ್ಳು ಹೇಳ್ದೆನೇ ಕೆಡಿಸ್ತಾರೆ, ಅದು ಇನ್ನೂ ನಾಜೂಕಿನ ವಿಷಯ. ರೋಸಾ ಪಾರ್ಕ್ಸ್ ಕಥೆ ಮಕ್ಕಳ ಪುಸ್ತಕದಲ್ಲಿ ಹೇಗಿರುತ್ತೆ? ಹೊಲಿಗೆ ಕೆಲಸ ಮುಗಿಸಿ ಸುಸ್ತಾಗಿದ್ದ ಹೆಂಗಸು, ಬಸ್ಸಲ್ಲಿ ಬಿಳಿಯನಿಗೆ ಸೀಟು ಬಿಟ್ಕೊಡೋಕೆ ಒಪ್ಪಲಿಲ್ಲ, ಅಮೆರಿಕ ಬದಲಾಯ್ತು. 1955ರ ಡಿಸೆಂಬರ್ 1ರಂದು ಮಾಂಟ್ಗೊಮರಿ ಊರಲ್ಲಿ ಅವರು ಎದ್ದೇಳ್ಲಿಲ್ಲ, ಅದು ಸರಿ. ಆದ್ರೆ ಅಷ್ಟರಲ್ಲಿ ಅವರು ಕರಿಯರ ಹಕ್ಕಿನ ಸಂಘಟನೆಯ ಆ ಊರ ಶಾಖೆಗೆ ಕಾರ್ಯದರ್ಶಿಯಾಗಿ 1943ರಿಂದ ಕೆಲಸ ಮಾಡಿದ್ರು, 1955ರ ಬೇಸಿಗೇಲೇ ಇಂಥ ಹೋರಾಟದ್ದೇ ತರಬೇತಿಗೂ ಹೋಗಿ ಬಂದಿದ್ರು. ಅವರಿಗಿಂತ ಒಂಬತ್ತು ತಿಂಗಳು ಮೊದಲು ಅದೇ ಊರಲ್ಲಿ ಕ್ಲಾಡೆಟ್ ಕೋಲ್ವಿನ್ ಅನ್ನೋ 15 ವರ್ಷದ ಹುಡುಗಿ ಇದನ್ನೇ ಮಾಡಿ ಅರೆಸ್ಟ್ ಆಗಿದ್ಲು, ಬಸ್ಸಲ್ಲಿ ಕರಿಯರು-ಬಿಳಿಯರು ಅನ್ನೋ ಭೇದ ತೆಗೆಸಿದ ಕೋರ್ಟ್ ಕೇಸಲ್ಲಿ ಅವಳೂ ಒಬ್ಬ ಅರ್ಜಿದಾರಳು. ಈ ಭೇದ ವಿರೋಧಿಸಿ ಆ ಊರಿನ ಕರಿಯ ಜನ 381 ದಿನ ಬಸ್ ಹತ್ತಲಿಲ್ಲ, ನಡ್ಕೊಂಡು ಹೋದ್ರು, ಗಾಡಿ ಹಂಚ್ಕೊಂಡು ಹೋದ್ರು. ಇಷ್ಟೆಲ್ಲ ತೆಗೆದು ಒಬ್ಬರು ಸುಸ್ತಾದ ಹೆಂಗಸನ್ನ ಮಾತ್ರ ಇಟ್ರೆ ಮಗುಗೆ ಅನ್ಸೋದು, ಯಾವತ್ತೋ ಒಂದಿನ ಧೈರ್ಯ ಬರುತ್ತೆ, ಅಷ್ಟಕ್ಕೇ ಎಲ್ಲ ಸರಿಹೋಗುತ್ತೆ ಅಂತ.

ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲರ್‌ದೂ ಇದೇ ಪಾಡು. ಪಂಪಿನ ನೀರು ಕೈ ಮೇಲೆ ಬೀಳ್ತಿದ್ದಾಗ ಟೀಚರ್ ಕೈ ಮೇಲೇ ಬರೆದ 'ನೀರು' ಅನ್ನೋ ಪದ ಅರ್ಥ ಆಗಿದ್ದು 1887ರಲ್ಲಿ, ಆಗ ಅವರಿಗೆ ಏಳು ತುಂಬಿರಲಿಲ್ಲ. ಬದುಕಿದ್ದು 87 ವರ್ಷ. ಎಷ್ಟೋ ಪುಸ್ತಕ ಆ ಪಂಪಿನ ಹತ್ರನೇ ನಿಂತುಹೋಗುತ್ವೆ, 1904ರಲ್ಲಿ ಡಿಗ್ರಿ ತಗೊಂಡಿದ್ದು, ಹೆಂಗಸರ ಓಟಿನ ಹಕ್ಕಿಗೆ ದನಿ ಎತ್ತಿದ್ದು, ಸೋಷಿಯಲಿಸ್ಟ್ ಪಾರ್ಟಿ ಸೇರಿದ್ದು ಯಾವುದೂ ಇಲ್ಲ.

ಈಗ ಕಹಿ ವಿಷಯ. ಒಂಬತ್ತು ವರ್ಷದವನಿಗೆ ಎಲ್ಲಾನೂ ಹೇಳ್ಲೇಬೇಕು ಅಂತ ನಾನೂ ಹೇಳಲ್ಲ, ಸಂಸಾರದ ಜಗಳ, ರಕ್ತಪಾತದ ವಿವರ ಇವೆಲ್ಲ ಕಾಯಬಹುದು, ಬಿಡೋದು ಬೇರೆ, ಇಲ್ಲದ್ದನ್ನ ತುಂಬೋದು ಬೇರೆ. ಆದ್ರೆ ಮಕ್ಕಳಿಗೆ ಅನ್ಯಾಯ ಅರ್ಥ ಆಗಲ್ಲ ಅಂತ ನೀವು ಬರ್ದಿದೀರಲ್ಲ, ಅದನ್ನ ಒಪ್ಪಲ್ಲ. ಅಂಬೇಡ್ಕರ್ ತಮ್ಮ ಬಾಲ್ಯದ್ದು ಒಂದು ಘಟನೆ ಬರ್ದಿದಾರೆ, ಆಗ ಅವರಿಗೂ ಒಂಬತ್ತೇ. ಬೇಸಿಗೆ ರಜಕ್ಕೆ ಅಪ್ಪ ಇದ್ದ ಊರಿಗೆ ಮನೆ ಮಕ್ಕಳೇ ಸೇರ್ಕೊಂಡು ಹೊಸ ಬಟ್ಟೆ ಹಾಕ್ಕೊಂಡು ರೈಲಲ್ಲಿ ಹೊರಟ್ರು, ಮಸೂರ್ ಸ್ಟೇಷನ್ನಲ್ಲಿ ಇಳಿದ್ರೆ ಕರ್ಕೊಂಡು ಹೋಗೋಕೆ ಯಾರೂ ಇಲ್ಲ. ಜಾತಿ ಗೊತ್ತಾಗಿದ್ದೇ ತಡ ಸ್ಟೇಷನ್ ಮಾಸ್ಟರ್ ಮುಖ ಬದಲಾಯ್ತು, ಗಾಡಿಯವರು ಯಾರೂ ಬರಲ್ಲ ಅಂದ್ರು. ಕೊನೆಗೆ ಒಬ್ಬ ಒಪ್ಕೊಂಡ, ಡಬಲ್ ಬಾಡಿಗೆ, ಗಾಡಿ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. ಬುತ್ತಿ ಇತ್ತು, ನೀರು ಕೊಡೋರು ಯಾರೂ ಇರಲಿಲ್ಲ, ರಾತ್ರಿ ಹಸ್ಕೊಂಡೇ ಮಲಗಿದ್ರು. ಇದನ್ನ ಅರ್ಥ ಮಾಡ್ಕೊಳ್ಳೋಕೆ ಒಂಬತ್ತು ವರ್ಷದ ಮಗುಗೆ ಯಾವ ಟಿಪ್ಪಣಿನೂ ಬೇಡ. ಸಂವಿಧಾನ ಅಂದ್ರೆ ಏನು ಅಂತ ವಿವರಿಸೋದೇ ಕಷ್ಟ.

ಬದುಕಿರೋರ ಬಗ್ಗೆ ಮಾತ್ರ ನಾನು ಸ್ವಲ್ಪ ಹಿಂದೆಮುಂದೆ ನೋಡ್ತೀನಿ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕ್ಯಾನ್ಸರ್ ಗೆದ್ದು ಬಂದು 1999ರಿಂದ 2005ರವರೆಗೆ ಸತತ ಏಳು ಸಲ ಟೂರ್ ಡಿ ಫ್ರಾನ್ಸ್ ಅನ್ನೋ ಸೈಕಲ್ ರೇಸ್ ಗೆದ್ದಾಗ ಅವರ ಬಗ್ಗೆ ಮಕ್ಕಳ ಪುಸ್ತಕಗಳೂ ಬಂದ್ವು. 2012ರಲ್ಲಿ ಡೋಪಿಂಗ್, ಅಂದ್ರೆ ನಿಷೇಧಿತ ಮದ್ದು ತಗೊಂಡಿದ್ರು ಅಂತ ಏಳೂ ಪ್ರಶಸ್ತಿ ವಾಪಸ್ ತಗೊಂಡ್ರು, ಮುಂದಿನ ವರ್ಷ ಟಿವಿಲಿ ಅವರೇ ಒಪ್ಕೊಂಡ್ರು. ಹಾಗಾಗಿ ಈಗಿನವರ ಬಗ್ಗೆ ಬರೆಯುವಾಗ ಅವರು ಮಾಡಿದ ಒಂದು ಕೆಲಸ ಹಿಡ್ಕೊಂಡು ಬರೀರಿ, ಪೂಜೆ ಬೇಡ ಅಂತ ನಮ್ಮ ಲೇಖಕರಿಗೆ ಹೇಳ್ತೀನಿ. ಪಾಕಿಸ್ತಾನದ ಮಲಾಲ 2009ರಲ್ಲಿ, ಹನ್ನೊಂದರ ವಯಸ್ಸಲ್ಲಿ, ಗುಲ್ ಮಕಾಯ್ ಅನ್ನೋ ಹೆಸರಲ್ಲಿ ಬಿಬಿಸಿ ಉರ್ದುಗೆ ತಾಲಿಬಾನ್‌ನವರು ಹುಡುಗೀರ ಸ್ಕೂಲ್ ಮುಚ್ಚಿಸೋ ದಿನಗಳ ಡೈರಿ ಬರೆದಿದ್ದು, ಅದೊಂದೇ ಸಾಕು ಒಂದು ಲೇಖನಕ್ಕೆ.

ಇನ್ನು ಪುಸ್ತಕ. ಹೆಸರು ಹೇಳಲ್ಲ, ಹೇಳಿದ್ರೆ ನಾಳೆಯಿಂದ ಪ್ರಕಾಶಕರ ಫೋನ್ ಶುರುವಾಗುತ್ತೆ. ಅಂಗಡೀಲಿ ನಿಂತು ಮಧ್ಯದ ಪುಟ ತೆಗೆದು ನೋಡಿ, ಬಾಲ್ಯ ಮತ್ತೆ ಪ್ರಶಸ್ತಿ ಎಲ್ಲಾ ಪುಸ್ತಕದಲ್ಲೂ ಇರುತ್ತೆ, ಮಧ್ಯೆ ಕೆಲಸ ಇದೆಯಾ ನೋಡಿ. ರೈಟ್ ಸಹೋದರರ ಪುಸ್ತಕ ಆದ್ರೆ 1901ರಲ್ಲಿ ಮರದ ಡಬ್ಬಕ್ಕೆ ಫ್ಯಾನ್ ಕಟ್ಟಿ ಗಾಳಿ ಬಿಟ್ಟು, ಸೈಕಲ್ ಕಡ್ಡಿ, ಗರಗಸದ ಬ್ಲೇಡಲ್ಲಿ ಮಾಡಿದ ತಕ್ಕಡಿ ಒಳಗಿಟ್ಟು, ಪುಟಾಣಿ ರೆಕ್ಕೆಗಳನ್ನ ಒಂದೊಂದಾಗಿ ಪರೀಕ್ಷೆ ಮಾಡಿದ್ದು ಇರ್ಬೇಕು. 1903ರ ಡಿಸೆಂಬರ್ 17ರ ಮೊದಲ ಹಾರಾಟ 12 ಸೆಕೆಂಡು, 120 ಅಡಿ ಅಷ್ಟೇ ಅನ್ನೋದೂ ಇರ್ಬೇಕು, "ಆಕಾಶಕ್ಕೆ ಹಾರಿದರು" ಅಂತ ಮಾತ್ರ ಇದ್ರೆ ವಾಪಸ್ ಇಡಿ. ಪುಟಪುಟಕ್ಕೂ ಉದ್ಧರಣ ಚಿಹ್ನೆ ಹಾಕಿ ಮಾತಾಡಿಸಿದ್ರೆ ಲೇಖಕರೇ ಮಾತಾಡ್ತಿದಾರೆ ಅಂತ ಅನುಮಾನ ಪಡಿ. ನಾಯಕರ ಜೊತೆ ಬೇರೆಯವರ ಹೆಸರೂ ಇದ್ರೆ ಒಳ್ಳೇ ಲಕ್ಷಣ. ಸಾಧ್ಯ ಆದ್ರೆ ಒಬ್ಬರ ಬಗ್ಗೆನೇ ಬೇರೆ ಬೇರೆಯವರು ಬರೆದ ಎರಡು ಪುಸ್ತಕ ಲೈಬ್ರರಿಯಿಂದ ತಂದುಕೊಡಿ, ಎಲ್ಲೆಲ್ಲಿ ಹೊಂದಲ್ಲ ಅಂತ ನಿಮ್ಮ ಮಗನೇ ಪೆನ್ಸಿಲಲ್ಲಿ ಪಟ್ಟಿ ಮಾಡ್ಲಿ (ಪುಸ್ತಕದ ಮೇಲಲ್ಲ, ಬೇರೆ ಹಾಳೇಲಿ), ಅಮ್ಮನ ಸುಳ್ಳು ಹಿಡಿದವನು ಲೇಖಕರದ್ದು ಹಿಡೀದೆ ಬಿಡ್ತಾನಾ. ಪಟ್ಟಿ ನಮಗೆ ಕಳಿಸಿ, ಮಕ್ಕಳ ಪುಟದಲ್ಲಿ ಹಾಕೋಣ.

ಸಂಪಾದಕ