ಎಲೆ ಉದುರಿಸುವುದು ಬಡತನವಲ್ಲ

ಓದುಗರ ಪತ್ರ: “ಮಾರ್ಚ್‌ನಲ್ಲಿ ಮನೆಮಂದಿಯೆಲ್ಲ ಜೈಸಲ್ಮೇರ್ ನೋಡಿ ಬಂದೆವು. ಕೋಟೆ ಬಹಳ ಚೆನ್ನಾಗಿದೆ. ಆದರೆ ದಾರಿಯುದ್ದಕ್ಕೂ ಒಂದೇ ಮುಳ್ಳುಪೊದೆ. ಎಲೆಯಿಲ್ಲ, ಬರೀ ಕಡ್ಡಿ. ಹೆಸರು ಕೇರ್ ಅಂದರು, ಸಂಸ್ಕೃತದ ಕರೀರ. ಕರೀರದಲ್ಲಿ ಎಲೆ ಇಲ್ಲದಿದ್ದರೆ ವಸಂತನ ತಪ್ಪೇನು ಎಂದು ಭರ್ತೃಹರಿ ಕೇಳಿದ್ದು ನೆನಪಾಯಿತು. ಈ ದರಿದ್ರ ಗಿಡ ಕಿತ್ತು ನೆರಳಿನ ಮರ ನೆಡಬಾರದೇ? ಫೋಟೋ ಜೊತೆಗಿದೆ.”

ಸಂಪಾದಕರ ಉತ್ತರ: ಪ್ರವಾಸಕ್ಕೆ ಹೋದವರು ಕೋಟೆ, ಒಂಟೆ ನೋಡಿ ಬರುತ್ತಾರೆ. ನೀವು ಒಂದು ಪೊದೆ ನೋಡಿ, ಹೆಸರು ಕೇಳಿ, ಶ್ಲೋಕವನ್ನೂ ನೆನೆಸಿಕೊಂಡಿರಿ. ಅದಕ್ಕೇ ನಿಮಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ನೆರಳು ಬೇಕು ಅನ್ನುವ ನಿಮ್ಮ ಆಸೆ ತಪ್ಪಲ್ಲ. ಅದೇ ಸೀಮೆಯ ಫಲೋಡಿಯಲ್ಲಿ 2016ರ ಮೇ 19ರಂದು ಬಿಸಿಲು 51 ಡಿಗ್ರಿ ಮುಟ್ಟಿತ್ತು. ಅಂಥ ಕಡೆ ಯಾರಿಗೆ ತಾನೇ ಮರ ಬೇಡ? ಆದರೆ ‘ದರಿದ್ರ’ ಅಂದಿರಲ್ಲ, ಅದು ನನಗೆ ಚುಚ್ಚಿತು.

ಮೊದಲು ಭರ್ತೃಹರಿಯ ಮಾತು. ಹಣೆಬರಹ ಅಳಿಸಲಾಗದು ಅನ್ನುವುದಕ್ಕೆ ಆತ ಕರೀರವನ್ನು ಉದಾಹರಣೆ ಮಾಡಿದ. ಕವಿಯ ಮೇಲೆ ನನಗೆ ಗೌರವ ಇದೆ. ಆದರೆ ಗಿಡದ ವಿಷಯ ಬೇರೆ. ಅದರ ವೈಜ್ಞಾನಿಕ ಹೆಸರು ಕ್ಯಾಪರಿಸ್ ಡೆಸಿಡುವಾ. ಸ್ವೀಡನ್ನಿನ ಸಸ್ಯವಿಜ್ಞಾನಿ ಪೀಟರ್ ಫೋರ್ಸ್ಕೋಲ್ ಅರೇಬಿಯಾದ ಕಡೆ ಗಿಡಗಳನ್ನು ಹುಡುಕುತ್ತ ಹೋಗಿ 1763ರಲ್ಲಿ ಯೆಮೆನ್‌ನಲ್ಲಿ ತೀರಿಕೊಂಡ. ಅವನ ಟಿಪ್ಪಣಿಗಳು 1775ರಲ್ಲಿ ಅಚ್ಚಾದವು. ‘ಡೆಸಿಡುವಾ’ ಅವನೇ ಇಟ್ಟ ಹೆಸರು. ಲ್ಯಾಟಿನ್‌ನಲ್ಲಿ ‘ಉದುರುವಂಥದ್ದು’ ಎಂದರ್ಥ. ಉದುರಬೇಕಾದರೆ ಮೊದಲು ಎಲೆ ಬಂದಿರಬೇಕು, ಅಲ್ವಾ?

ಬರುತ್ತದೆ. ಎಳೆಯ ಚಿಗುರಿನ ಮೇಲೆ, ಉಗುರಿನಷ್ಟು ಉದ್ದದ ಸಪೂರ ಎಲೆ. ಕೆಲವು ದಿನ ಇದ್ದು ಬಿದ್ದುಹೋಗುತ್ತದೆ. ಎಲೆ ಅಂದರೆ ನೀರು ಆರಿಹೋಗುವ ಬಾಗಿಲು. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ ಜೈಸಲ್ಮೇರ್‌ನಲ್ಲಿ ಅಷ್ಟು ಬಾಗಿಲು ತೆರೆದಿಟ್ಟುಕೊಂಡು ಬದುಕುವುದು ಹೇಗೆ? ಅದಕ್ಕೆ ಎಲೆಯ ಕೆಲಸವನ್ನು ಕೇರ್ ತನ್ನ ಕಡ್ಡಿಗೆ ವಹಿಸಿದೆ. ನೀವು ‘ಬರೀ ಕಡ್ಡಿ’ ಅಂದದ್ದೇ ಅದರ ಅಡುಗೆಮನೆ. ಹಸಿರು ಇರುವುದು ಅಲ್ಲಿ, ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದೂ ಅಲ್ಲೇ. ಮೇಲೆ ದಪ್ಪ ಮೇಣದ ಪದರ. ಉಸಿರಾಡುವ ರಂಧ್ರಗಳು ಬಿಸಿಗಾಳಿ ತಾಗದ ಹಾಗೆ ಒಳಗೆ ಕುಳಿಯಲ್ಲಿವೆ. ವಸಂತನ ತಪ್ಪೂ ಅಲ್ಲ, ಹಣೆಬರಹವೂ ಅಲ್ಲ. ಇದು ಗಿಡದ ಜಾಣತನ.

ಮುಳ್ಳಿನ ಬಗ್ಗೆಯೂ ಒಂದು ಮಾತು. ಎಲ್ಲ ಮುಳ್ಳೂ ಒಂದೇ ಅಲ್ಲ. ಗುಲಾಬಿ ಮುಳ್ಳು ಸಿಪ್ಪೆಯಿಂದ ಹುಟ್ಟುತ್ತದೆ, ಅಡ್ಡ ಒತ್ತಿದರೆ ಕಳಚಿ ಬರುತ್ತದೆ. ಬೋಗನ್‌ವಿಲ್ಲಾದಲ್ಲಿ ಸಣ್ಣ ಕೊಂಬೆಯೇ ಮುಳ್ಳಾಗಿದೆ. ಪಾಪಸ್‌ಕಳ್ಳಿಯಲ್ಲಿ ಎಲೆ ಮುಳ್ಳಾಗಿದೆ. ಕೇರ್‌ನಲ್ಲಿ ಎಲೆಯ ಬುಡದ ಅಕ್ಕಪಕ್ಕ ಇರಬೇಕಾದ ಎರಡು ಪುಟ್ಟ ರೆಕ್ಕೆಗಳು ಮುಳ್ಳಾಗಿವೆ. ಅದಕ್ಕೇ ಪ್ರತಿ ಗಿಣ್ಣಿನಲ್ಲೂ ಜೋಡಿ. ಎಲೆ ಬಿದ್ದುಹೋದ ಮೇಲೂ ಆ ಜೋಡಿ ಅಲ್ಲೇ ಉಳಿದು, ಇಲ್ಲಿ ಎಲೆ ಇತ್ತು ಅಂತ ತೋರಿಸುತ್ತದೆ.

ಹಲವು ವರ್ಷಗಳ ಹಿಂದೆ ನಾನು ಜೋಧ್‌ಪುರದಿಂದ ಓಸಿಯಾನ್ ಕಡೆಗೆ ಹೋಗಿದ್ದೆ. ಮೇ ತಿಂಗಳು. ರಸ್ತೆ ಪಕ್ಕ ಒಬ್ಬ ಅಜ್ಜಿ ಪೊದೆಯೊಳಗೆ ಕೈ ಹಾಕಿ ಕೇರ್ ಕಾಯಿ ಕೀಳುತ್ತಿದ್ದರು. ಬಟಾಣಿಗಿಂತ ಸ್ವಲ್ಪ ದೊಡ್ಡ, ದುಂಡನೆಯ ಹಸಿರು ಕಾಯಿ. ನಾನೂ ಒಂದು ಕೀಳೋಣ ಅಂತ ಕೈ ಹಾಕಿದೆ, ಎರಡು ಕಡೆ ಗೀರಿತು. ಅಜ್ಜಿ ನಕ್ಕು, ತಮ್ಮ ಬೆರಳು ತೋರಿಸಿದರು. ತುದಿಯೆಲ್ಲ ಗಟ್ಟಿ, ಗೀರಿನ ಮೇಲೆ ಗೀರು. ಆಮೇಲೆ ಮಣಿಕಟ್ಟನ್ನು ಹೊರಳಿಸಿ, ಕಡ್ಡಿಯ ಬುಡದಿಂದ ತುದಿಯ ಕಡೆಗೆ ಬೆರಳು ಜಾರಿಸುವುದನ್ನು ಕಲಿಸಿದರು. ಕಾಯಿ ಬಾಯಿಗೆ ಹಾಕಿದರೆ ಕಹಿ. ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ಕೆಲವು ದಿನ ನೆನೆಹಾಕಿ ಕಹಿ ತೆಗೆಯುತ್ತಾರೆ. ಆಮೇಲೆ ಉಪ್ಪಿನಕಾಯಿ, ಇಲ್ಲವೇ ಒಣಗಿಸಿ ಇಡುವುದು. ಖೇಜ್ಡಿ ಮರದ ಎಳೆಯ ಕಾಯಿಗೆ ಸಾಂಗ್ರಿ ಎಂದು ಹೆಸರು. ಅದನ್ನು ಕೂಡಿಸಿ ಬೇಯಿಸಿದರೆ ಕೇರ್‌ಸಾಂಗ್ರಿ. ನಿಮ್ಮ ಹೋಟೆಲಿನ ಊಟದಲ್ಲೂ ಅದು ಇದ್ದಿರಬಹುದು. ಹೊಲ ಬರಿದಾಗಿರುವ, ಮಳೆ ಇನ್ನೂ ದೂರ ಇರುವ ದಿನಗಳಲ್ಲಿ ಯಾರೂ ನೀರು ಹಾಕದೆ ಬರುವ ತರಕಾರಿ ಇದು. ಇದನ್ನು ದರಿದ್ರ ಅನ್ನುವುದು ಹೇಗೆ ಹೇಳಿ?

ಮಣ್ಣಿನ ಕೆಳಗಿನದು ಇನ್ನೊಂದು ಕಥೆ. ಬೇರಿನಿಂದಲೇ ಹೊಸ ಗಿಡ ಏಳುತ್ತದೆ, ಕಡಿದರೂ ಮತ್ತೆ ಚಿಗುರುತ್ತದೆ. ಗಾಳಿಗೆ ಓಡುವ ಮರಳು ಪೊದೆಯ ಬುಡದಲ್ಲಿ ತಡೆದು ನಿಲ್ಲುತ್ತದೆ. ಪಯೋನಿಯರ್ ಎಂಬ ಬಿಳಿ ಚಿಟ್ಟೆಯ ಮರಿಹುಳುಗಳಿಗೆ ಈ ಜಾತಿಯ ಗಿಡಗಳೇ ಊಟ. ನೀವು ಕಿತ್ತುಹಾಕಿ ಅಂದಾಗ ಇದೆಲ್ಲ ಒಟ್ಟಿಗೆ ಹೋಗುತ್ತದೆ.

ನೆರಳಿನ ಮರ ತಂದು ನೆಡುವ ಕೆಲಸ ಈಗಾಗಲೇ ಆಗಿದೆ. ನಾವು ಬಳ್ಳಾರಿ ಜಾಲಿ ಅನ್ನುತ್ತೇವಲ್ಲ, ಅದು ಅಮೆರಿಕ ಖಂಡದ ಗಿಡ. ರಾಜಸ್ಥಾನದಲ್ಲಿ ಅದಕ್ಕೆ ವಿಲಾಯತಿ ಬಬೂಲ್ ಅನ್ನುತ್ತಾರೆ. ಬೇಗ ಹಸಿರಾಗುತ್ತದೆ ಅಂತ 1940ರಲ್ಲಿ ಜೋಧ್‌ಪುರ ಸಂಸ್ಥಾನ ಅದಕ್ಕೆ ರಾಜಮರ್ಯಾದೆಯನ್ನೇ ಕೊಟ್ಟಿತು. ಸೌದೆ ಸಿಕ್ಕಿತು, ನಿಜ. ಆದರೆ ಅದು ಗೋಮಾಳ ನುಂಗಿತು, ಊರಿನ ಗಿಡಗಳನ್ನು ಒತ್ತರಿಸಿತು. ಹಸಿರು ಕಂಡರೆ ಸಾಕು, ಯಾವ ಹಸಿರು ಅಂತ ಯಾರೂ ಕೇಳಲಿಲ್ಲ. ಈಗಲೂ ಎಷ್ಟು ಸಸಿ ನೆಟ್ಟೆವು ಅಂತ ಲೆಕ್ಕ ಕೊಡುತ್ತಾರೆ, ಎಷ್ಟು ಕೇರ್ ಪೊದೆ ಕಿತ್ತೆವು ಅಂತ ಕೊಡುವುದಿಲ್ಲ. ಸರ್ಕಾರಿ ನಕ್ಷೆಯಲ್ಲಿ ಮುಳ್ಳುಕುರುಚಲು ನೆಲಕ್ಕೆ ‘ಪಾಳುಭೂಮಿ’ ಅಂತ ಹೆಸರು. ಪಾಳು ಅಂತ ಬರೆದ ಮೇಲೆ ಅದನ್ನು ಯಾರಿಗೆ ಕೊಟ್ಟರೂ ಕೇಳುವವರಿಲ್ಲ.

ನಮ್ಮ ಬರಹಗಾರರ ಮೇಲೂ ನನಗೆ ದೂರಿದೆ. ನಮ್ಮ ಪತ್ರಿಕೆಗೆ ಬರುವ ಕವಿತೆಗಳಲ್ಲಿ ಮರುಭೂಮಿ ಅಂದರೆ ಒಂಟಿತನ, ವಿರಹ, ಬರಡು ಮನಸ್ಸು. ಒಂದು ಗಿಡದ ಹೆಸರೂ ಇರುವುದಿಲ್ಲ. ಆ ನೆಲದಲ್ಲಿ ಕೇರ್, ಖೇಜ್ಡಿ, ಫೋಗ್ ಇವೆ. ಬೋರ್ಡಿ ಎಂಬ ಬೋರೆಯ ಜಾತಿಯ ಪೊದೆ ಇದೆ. ಅದರ ಜೋಡಿ ಮುಳ್ಳಿನಲ್ಲಿ ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ಸುಮ್ನೆ ಖಾಲಿ ಅಂತ ಬರೆಯುವ ಮೊದಲು ಒಮ್ಮೆ ಬಗ್ಗಿ ನೋಡಬಾರದೇ?

ನಿಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬಲಗಡೆ ಕೆಳಗೆ, ನಿಮ್ಮ ಮಗಳ ದುಪಟ್ಟಾದ ಹಿಂದೆ, ಕಡ್ಡಿಯ ಮೇಲೆ ಇಟ್ಟಿಗೆ ಕೆಂಪಿನ ಚುಕ್ಕೆಗಳಿವೆ. ಅವು ಧೂಳಲ್ಲ, ಕೇರ್ ಹೂವು. ನಾಲ್ಕು ದಳ, ಮಧ್ಯೆ ಕೇಸರಗಳ ಗೊಂಚಲು, ಅದರ ನಡುವೆ ಉದ್ದ ತೊಟ್ಟಿನ ತುದಿಯಲ್ಲಿ ಪುಟ್ಟ ಹಸಿರು ಗುಂಡು. ಆ ಗುಂಡೇ ಕಾಯಿಯಾಗುವುದು. ನಾನು ಹನ್ನೊಂದು ಹೂ ಎಣಿಸಿದೆ. ನೀವೂ ಒಮ್ಮೆ ಎಣಿಸಿ ನೋಡಿ.